ರುಬೀನಾಳ ಫಾರ್ಮಿನಲ್ಲಿ ನಾನು ಹಾಕಿದ ಗುರುತು

ರುಬೀನಾಳಿಗೆ ದಿಲ್ಲಿಯ ಸೀಟು ತಪ್ಪಿದ್ದು ನನ್ನಿಂದ. ಅವಳ ಇಂಗ್ಲಿಷಿನಿಂದಲ್ಲ, ಅಂಕಗಳಿಂದಲ್ಲ, ಅವಳು ಬರೆದ ಪ್ರಬಂಧದಿಂದಂತೂ ಅಲ್ಲವೇ ಅಲ್ಲ. ನನ್ನಿಂದ. ಅದು ಗೊತ್ತಾದ ಮೇಲೂ ತಪ್ಪು ಅವಳದೇ ಎಂದು ಅವಳನ್ನು ನಂಬಿಸಿದವನು ಕೂಡ ನಾನೇ. ಏಳು ವರ್ಷ ಇದನ್ನು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ — ಹೆಂಡತಿಯ ಮುಂದೆ ಕೂಡ. ಹೇಳಿದ್ದರೆ ಅವಳು ಅಂದೇ ನನ್ನ ಕಿವಿ ಹಿಡಿದು ರುಬೀನಾಳ ಊರಾದ ಹುಕ್ಕೇರಿಯ ಬಸ್ಸು ಹತ್ತಿಸುತ್ತಿದ್ದಳು. ಅದಕ್ಕೇ ಹೇಳಲಿಲ್ಲ.

ಗೋಕಾಕದ ಒಂದು ಡಿಗ್ರಿ ಕಾಲೇಜಿನಲ್ಲಿ ನಾನು ಮೂವತ್ತೊಂದು ವರ್ಷ ರಾಜ್ಯಶಾಸ್ತ್ರ ಕಲಿಸಿದೆ. ಆದರೆ ಊರಿಗೆ ನಾನು ಗೊತ್ತಿದ್ದದ್ದು ‘ಸೀಟ ನೋಡೋ ಸರ’ ಎಂದು. ಜೂನ್ ಬಂತೆಂದರೆ ಮೂಡಲಗಿ, ಹುಕ್ಕೇರಿ ಕಡೆಯ ತಂದೆಗಳು ಪ್ಲಾಸ್ಟಿಕ್ ಚೀಲದಲ್ಲಿ ಮಕ್ಕಳ ಅಂಕಪಟ್ಟಿ, ಇನ್ನೊಂದು ಚೀಲದಲ್ಲಿ ಬದನೆಕಾಯಿ ಹಿಡಿದು ನಮ್ಮ ಕಟ್ಟೆಯ ಮೇಲೆ ಕೂತಿರುತ್ತಿದ್ದರು. “ಇದಕ್ಕ ಸಿಗತೈತೇನ್ರಿ ಸರ?” ನಾನು ಚಷ್ಮಾ ಏರಿಸಿಕೊಂಡು ಅಂಕಪಟ್ಟಿಯ ಮುಂದಿನ ಬದಿ ನೋಡುತ್ತಿದ್ದೆ. ಆಮೇಲೆ ಹಿಂದಿನ ಬದಿ. ಹಿಂದೆ ಏನೂ ಇರುತ್ತಿರಲಿಲ್ಲ, ಆದರೂ ಅಲ್ಲೇ ಹೆಚ್ಚು ಹೊತ್ತು ನೋಡುತ್ತಿದ್ದೆ. ಕೊನೆಗೆ ಹೇಳುತ್ತಿದ್ದೆ: “ಎಂಬತ್ತು ಪರ್ಸೆಂಟ್ ಐತಿ. ಉಳಿದ ಇಪ್ಪತ್ತು ದೇವರ ಕೈಯಾಗ.” ಸೀಟು ಸಿಕ್ಕರೆ ಸರ್ ಹೇಳಿದಂತೆಯೇ ಆಯಿತು, ಸಿಗದಿದ್ದರೆ ದೇವರು ಕೈಬಿಟ್ಟ. ಮೂವತ್ತು ವರ್ಷದಲ್ಲಿ ನನ್ನ ಲೆಕ್ಕ ಒಂದು ಸಲವೂ ತಪ್ಪಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡಬೇಕು. ನಮ್ಮ ಕಡೆ ಹೊಗಳುವುದೆಂದರೆ ಮಂದಿಗೆ ಮುಜುಗರ. ಊಟ ಅಮೃತದಂತಿದ್ದರೂ ಕೈ ತೊಳೆಯುತ್ತ ‘ಅಡ್ಡಿಯಿಲ್ಲ’ ಎನ್ನುತ್ತೇವೆ. ಮಗ ತಾಲೂಕಿಗೇ ಮೊದಲು ಬಂದರೂ ತಂದೆಯ ಬಾಯಿಂದ ಬರುವುದು ಅದೇ. ಅದಕ್ಕಿಂತ ಹೆಚ್ಚು ಹೇಳಿದರೆ ದೃಷ್ಟಿ ತಾಕುತ್ತದೆ, ಇಲ್ಲವೇ ಹುಡುಗನ ತಲೆ ತಿರುಗುತ್ತದೆ. ನಾನಂತೂ ಈ ವಿಷಯದಲ್ಲಿ ಊರಿಗೇ ಹಿರಿಯ. ಇಷ್ಟು ವರ್ಷಗಳಲ್ಲಿ ಮೂರೇ ಮೂರು ಮಂದಿಯ ಉತ್ತರಪತ್ರಿಕೆಯ ಮೇಲೆ ‘ಸಮಾಧಾನಕರ’ ಎಂದು ಬರೆದಿದ್ದೆ. ಒಬ್ಬ ಈಗ ತಹಸೀಲ್ದಾರ, ಇನ್ನೊಬ್ಬ ವಕೀಲ. ಮೂರನೆಯವಳು ರುಬೀನಾ.

ಅವಳ ತಂದೆ ದಸ್ತಗೀರಣ್ಣನದು ಹುಕ್ಕೇರಿಯಲ್ಲಿ ಗಾದಿ ಹೊಲಿಯುವ ಅಂಗಡಿ. ದಿನಾ ಬಸ್ಸಿನಲ್ಲಿ ಗೋಕಾಕಕ್ಕೆ ಬರುತ್ತಿದ್ದ ಹುಡುಗಿಯ ದುಪಟ್ಟಾದ ಮೇಲೆ ಒಂದೆಳೆ ಹತ್ತಿಯಾದರೂ ಅಂಟಿಕೊಂಡಿರುತ್ತಿತ್ತು. ಮೊದಲ ಬೆಂಚು. ಪ್ರಶ್ನೆಗಳೋ — ಒಮ್ಮೆ ಕೇಳಿದಳು: “ಸರ, ಎರಡು ದೇಶ ಮಾತು ಬಿಟ್ಟಾಗ, ಮೊದಲ ಮಾತಾಡ್ಸಾವ್ರು ಯಾರ್ರಿ? ಅವರಿಗೆ ಅಪಮಾನ ಅನಸೂದಿಲ್ಲೇನ್ರಿ?” ನನ್ನ ನೋಟ್ಸಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ. “ಪರೀಕ್ಷಾಕ್ಕ ಬರೂದಿಲ್ಲ, ಬಿಡು” ಎಂದೆ.

ಕೊನೆಯ ವರ್ಷ ಅವಳೊಂದು ಕಾಗದ ಹಿಡಿದು ಬಂದಳು. ದಿಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಅಂತರರಾಷ್ಟ್ರೀಯ ವ್ಯವಹಾರಗಳ ಎಂ.ಎ. ಇಡೀ ದೇಶದಿಂದ ಮೂವತ್ತೇ ಮಂದಿಯನ್ನು ಆರಿಸುತ್ತಾರೆ, ಎರಡನೆಯ ವರ್ಷ ಹೊರದೇಶಕ್ಕೆ ಕಳಿಸುತ್ತಾರೆ, ಖರ್ಚೆಲ್ಲ ಅವರದೇ. “ನನಗ ಎಷ್ಟ್ ಚಾನ್ಸ್ ಐತ್ರಿ ಸರ?” ಇಂಥದ್ದೊಂದು ಕೋರ್ಸು ಇದೆ ಎಂಬುದೇ ನನಗೆ ಅಂದು ಗೊತ್ತಾದದ್ದು. ಡಿ.ಎಡ್., ಇಂಜಿನಿಯರಿಂಗ್, ಪೊಲೀಸ್ ಭರ್ತಿ — ಇವುಗಳಾದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಆದರೆ ಸೀಟು ನೋಡುವ ಸರ್ ‘ಗೊತ್ತಿಲ್ಲ’ ಅನ್ನುವುದುಂಟೇ? ಕಾಗದದ ಹಿಂಬದಿ ನೋಡಿದೆ.

“ಅರವತ್ತು” ಎಂದೆ.

“ಅರವತ್ತು ಹ್ಯಾಂಗ್ ಬಂತ್ರಿ?”

ಅಷ್ಟು ವರ್ಷಗಳಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ. “ಅನುಭವ” ಎಂದು ಗಂಭೀರವಾಗಿ ಹೇಳಿ ಎದ್ದುಬಿಟ್ಟೆ.

ನನ್ನ ಅರವತ್ತನ್ನು ನಂಬಿ ದಸ್ತಗೀರಣ್ಣ ಒಪ್ಪಿದ. ಅಂಗಡಿ ಬಿಟ್ಟು ನಮ್ಮ ಮನೆಯ ತನಕ ಬಂದು ಹೇಳಿದ: “ಒಂದ್ ಸಲ ನೋಡೂನ್ರಿ ಸರ. ಆತಂದ್ರ ಆತು. ಇಲ್ಲಂದ್ರ ಇಲ್ಲೇ ಬಿ.ಎಡ್. ಮಾಡ್ಲಿ. ಎರಡನೇ ಸಲ ಅಂತ ನನ್ನ ಮುಂದ ಹೇಳಬ್ಯಾಡ್ರಿ ಮತ್ತ.” ಹಾಗಾಗಿ ಅವಳಿಗೆ ಇದ್ದದ್ದು ಒಂದೇ ಅವಕಾಶ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಅರ್ಜಿಯ ಜೊತೆಗೆ ಒಂದು ಪ್ರಬಂಧ ಬೇಕಿತ್ತು. ಅವಳು ಬರೆದದ್ದು ಇಲ್ಲೇ ಹತ್ತಿರ ಹೊಳೆಗೆ ಕಟ್ಟಿದ ಧುಪದಾಳದ ಒಡ್ಡಿನ ಬಗ್ಗೆ, ಅಲ್ಲಿಂದ ಹೊರಡುವ ಕಾಲುವೆಯ ಬಗ್ಗೆ. ಅವಳ ತಾಯಿಯ ತವರು ಮೂಡಲಗಿ ಕಡೆ, ಕಾಲುವೆಯ ಬಾಲದಲ್ಲಿ. ನೀರಿನ ಪಾಳಿ ಬಂದಾಗ ಮೇಲಿನ ಊರಿನವರೂ ಕೆಳಗಿನ ಊರಿನವರೂ ಬೇವಿನ ಗಿಡದ ಕೆಳಗೆ ಕೂರುತ್ತಾರಂತೆ. ಕಾಗದವಿಲ್ಲ, ಸಹಿಯಿಲ್ಲ, ಒಬ್ಬರ ಮೇಲೊಬ್ಬರಿಗೆ ನಂಬಿಕೆಯಂತೂ ಮೊದಲೇ ಇಲ್ಲ. ಆದರೂ ಬಡಿದಾಟ ಆಗುವುದಿಲ್ಲ, ಯಾಕೆಂದರೆ ಎರಡೂ ಊರುಗಳ ನಡುವೆ ಬೀಗತನ ಇದೆ. ಇಂದು ತಲೆ ಒಡೆದರೆ ನಾಳೆ ಮಗಳ ಸೀಮಂತಕ್ಕೆ ಯಾವ ಮುಖ ಹೊತ್ತು ಹೋಗುವುದು? ದೇಶಗಳಿಗೂ ಇಂಥ ಬೀಗತನ ಯಾವುದು ಎಂದು ಹುಡುಕುವುದೇ ನನ್ನ ಓದು — ಹೀಗೆ ಮುಗಿಸಿದ್ದಳು. ಓದಿ ನನ್ನ ಮೈ ಜುಮ್ಮೆಂದಿತು. ಅವಳಿಗೆ ಏನು ಹೇಳಿದೆ ಎಂದು ಕೇಳಬೇಡಿ. “ಅಡ್ಡಿಯಿಲ್ಲ” ಎಂದೆ.

ನಂತರ ಶಿಫಾರಸು. ಅದನ್ನು ಗುರುಗಳೇ ಗುಪ್ತವಾಗಿ, ನೇರವಾಗಿ ದಿಲ್ಲಿಗೆ ಕಳಿಸಬೇಕು. ಕಾಲೇಜಿನ ಕಂಪ್ಯೂಟರಿನ ಮುಂದೆ ಕೂತೆ. ಇಂಗ್ಲಿಷಿನಲ್ಲಿ ಹನ್ನೊಂದು ಗುಣಗಳ ಪಟ್ಟಿ. ಪ್ರತಿಯೊಂದರ ಮುಂದೆ ಐದು ಚೌಕ — ಅಸಾಧಾರಣ, ಅತ್ಯುತ್ತಮ, ಉತ್ತಮ, ಸಮಾಧಾನಕರ, ಅದಕ್ಕೂ ಕೆಳಗೆ. ‘ಅಸಾಧಾರಣ’ ನೋಡಿ ನಗು ಬಂತು. ಆಗಸ್ಟಿನಲ್ಲಿ ನಮ್ಮ ಗೋಕಾಕ ಫಾಲ್ಸ್ ಅಸಾಧಾರಣ. ಇಪ್ಪತ್ತೊಂದು ವರ್ಷದ ಹುಡುಗಿಗೆ ಯಾರಾದರೂ ಆ ಮಾತು ಬಳಸುತ್ತಾರೆಯೇ! ಎದೆ ತುಂಬಿ, ಹನ್ನೊಂದಕ್ಕೆ ಹನ್ನೊಂದೂ ‘ಸಮಾಧಾನಕರ’ ಎಂದು ಗುರುತು ಹಾಕಿದೆ. ನಾಯಕತ್ವದ ಮುಂದೆ ಮಾತ್ರ ಒಂದು ಕ್ಷಣ ತಡೆದೆ — ಅತಿಯಾಯಿತೇನೋ ಎಂದು.

ಕೆಳಗೆ ನಾಲ್ಕು ಮಾತು ಬರೆಯಲು ಜಾಗವಿತ್ತು. ಕಾಲೇಜಿನ ನಡತೆ ಪ್ರಮಾಣಪತ್ರ ನನಗೆ ಬಾಯಿಪಾಠ. ಅದನ್ನೇ ಇಳಿಸಿದೆ: ಈಕೆ ಸನ್ನಡತೆಯವಳು; ಹಿರಿಯರಿಗೆ ಎದುರು ಮಾತಾಡಿದವಳಲ್ಲ; ಯಾವುದೇ ರಾಜಕೀಯದಲ್ಲಿ ಆಸಕ್ತಿ ಇಲ್ಲದವಳು. ಜಗತ್ತಿನ ರಾಜಕೀಯ ಓದಲು ಹೊರಟ ಹುಡುಗಿಯ ಬಗ್ಗೆ, ಅವಳ ರಾಜ್ಯಶಾಸ್ತ್ರದ ಮೇಷ್ಟ್ರು ಬರೆದ ಮಾತು ಇದು. ಎರಡು ಸಲ ಓದಿದೆ, ಕಾಗುಣಿತ ನೋಡಿದೆ, ಕಳಿಸಿದೆ.

ಹತ್ತು ದಿನದ ಮೇಲೆ ದಿಲ್ಲಿಯಿಂದ ನನಗೊಂದು ಮೇಲ್ ಬಂತು. ಈ ಮೇಲನ್ನೇ ನಾನು ಏಳು ವರ್ಷ ಬಚ್ಚಿಟ್ಟದ್ದು. ‘ಅಭ್ಯರ್ಥಿಯ ಪ್ರಬಂಧ ನಮ್ಮ ಸಮಿತಿಗೆ ಬಹಳ ಹಿಡಿಸಿದೆ. ಆದರೆ ತಮ್ಮ ಮೌಲ್ಯಮಾಪನ ಅದಕ್ಕೆ ಹೊಂದುತ್ತಿಲ್ಲ. ತಾವು ಅದನ್ನು ಮರುಪರಿಶೀಲಿಸಬಯಸಿದರೆ ಐದು ದಿನದೊಳಗೆ ತಿಳಿಸಿ.’ ಎಂಥ ಸೌಜನ್ಯದ ಪತ್ರ! ಬಾಗಿಲು ತೆರೆದು, ಹೊಸ್ತಿಲಲ್ಲಿ ನಿಂತು ಕೈ ಮಾಡಿ ಕರೆಯುತ್ತಿದ್ದರು. ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಹನ್ನೊಂದು ಸಮಾಧಾನಕರ ಕಂಡು, ಈ ಮುದುಕ ಯಾರದೋ ಮುಲಾಜಿಗೆ ಬಿದ್ದು ಹುಡುಗಿಯನ್ನು ವಿಪರೀತ ಹೊಗಳಿದ್ದಾನೆ ಎಂದು ಇವರಿಗೆ ಸಂಶಯ — ಹಾಗೆ ತಿಳಿದುಕೊಂಡೆ! ಕೂತಲ್ಲೇ ಉತ್ತರ ಬರೆದೆ: ‘ನಾನು ಉತ್ಪ್ರೇಕ್ಷೆ ಮಾಡುವವನಲ್ಲ. ಈಕೆಯ ಯೋಗ್ಯತೆ ಸಮಾಧಾನಕರವೇ. ಒಂದಕ್ಷರವನ್ನೂ ಬದಲಿಸುವುದಿಲ್ಲ.’ ಕಳಿಸಿ, ಕ್ಯಾಂಟೀನಿಗೆ ಹೋಗಿ, ಶಿಷ್ಯೆಯ ಸಲುವಾಗಿ ದಿಲ್ಲಿಯವರನ್ನೇ ಎದುರಿಸಿದ ಹೆಮ್ಮೆಯಲ್ಲಿ ಎರಡು ಕಪ್ ಚಹಾ ಕುಡಿದೆ.

ಸೀಟು ಸಿಗಲಿಲ್ಲ.

ಅದೇ ವಾರ ಪುಣೆಯಲ್ಲಿ ಪ್ರಾಧ್ಯಾಪಕನಾಗಿರುವ ಹಳೆಯ ಶಿಷ್ಯನೊಬ್ಬ ಮನೆಗೆ ಬಂದಿದ್ದ. ದಿಲ್ಲಿಯವರಿಗೆ ಹೇಗೆ ಖಡಕ್ ಉತ್ತರ ಕೊಟ್ಟೆ ಎಂದು ಅವನ ಮುಂದೆ ಕೊಚ್ಚಿಕೊಂಡೆ. ಅವನು ಕೈಯಲ್ಲಿದ್ದ ಚುರುಮುರಿ ಕೆಳಗಿಟ್ಟ. “ಸರ… ಅಲ್ಲಿ ಸಮಾಧಾನಕರ ಅಂದ್ರ, ಈಕೀನ ತುಗೋಬ್ಯಾಡ್ರಿ ಅಂತ ಅರ್ಥರಿ. ಚಲೋ ಹುಡುಗರಿಗೆ ಎಲ್ಲಾರೂ ಅಸಾಧಾರಣ ಅಂತನ ಹಾಕತಾರ್ರಿ.”

ಇಲ್ಲಿಯವರೆಗಿನದು ಅಜ್ಞಾನ. ಅದಕ್ಕೆ ನೀವು ನಗಬಹುದು, ನಾನೂ ಒಮ್ಮೊಮ್ಮೆ ನಕ್ಕಿದ್ದೇನೆ. ಮುಂದಿನದಕ್ಕೆ ನಗಲು ಆಗುವುದಿಲ್ಲ.

ಮೂರು ದಿನದ ಮೇಲೆ ರುಬೀನಾ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು, ಆದರೂ ವಹಿ ಪೆನ್ನು ತಂದಿದ್ದಳು. “ನಾ ಎಲ್ಲಿ ಕಡಿಮಿ ಬಿದ್ದೆನ್ರಿ ಸರ? ಹೇಳ್ರಿ, ಬರಕೋತೇನಿ.” ಆಗ ಹೇಳಬಹುದಿತ್ತು. ದಿಲ್ಲಿಗೆ ಬರೆಯಬಹುದಿತ್ತು, ದಸ್ತಗೀರಣ್ಣನ ಮುಂದೆ ಕೈಮುಗಿದು ಇನ್ನೊಂದು ವರ್ಷ ಕೇಳಬಹುದಿತ್ತು. ಆದರೆ ಸೀಟು ನೋಡುವ ಸರ್‌ಗೆ ಒಂದು ಚೌಕ ನೋಡಲು ಬರಲಿಲ್ಲ ಎಂದು ಮೂರು ತಾಲೂಕಿಗೆ ಗೊತ್ತಾದರೆ… ನಾನು ಚಷ್ಮಾ ಏರಿಸಿಕೊಂಡೆ.

“ಧುಪದಾಳದ ಸುದ್ದಿ ಯಾಕ ಬರ್ಯಾಕ ಹೋದಿ? ನಮ್ಮ ಕಾಲುವಿ ತುಗೊಂಡು ಅವರೇನ್ ಮಾಡ್ತಾರ? ದೊಡ್ಡದು ಬರೀಬೇಕಿತ್ತು. ಜಗತ್ತಿನ ಸುದ್ದಿ ಬರೀಬೇಕಿತ್ತು.”

ಅವಳು ಅದನ್ನು ಬರೆದುಕೊಂಡಳು. ಕೆಳಗೆ ಗೆರೆ ಎಳೆದಳು. “ಖರೆರಿ ಸರ, ನಂದ ತಪ್ಪಾತು” ಎಂದಳು. ಅವಳಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯದನ್ನೇ ಆರಿಸಿ, ತಪ್ಪು ಇಲ್ಲಿದೆ ಎಂದು ತೋರಿಸಿದ್ದೆ.

ಅವಳು ಬಿ.ಎಡ್. ಮಾಡಿದಳು, ಕಲ್ಲೋಳಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾಳೆ. ಹಬ್ಬಕ್ಕೊಮ್ಮೆ ಫೋನು ಮಾಡಿ “ಆರಾಮ ಅದೀರೇನ್ರಿ ಸರ?” ಎಂದು ಕೇಳುತ್ತಿದ್ದಳು. ನಾನು ಆರಾಮ ಎನ್ನುತ್ತಿದ್ದೆ.

ಹೋದ ತಿಂಗಳು ಅವಳೇ ಬಂದಳು. ಈಗ ಕೆಲಸದಲ್ಲಿ ಇರುವವರೂ ಅದೇ ಕೋರ್ಸಿಗೆ ಅರ್ಜಿ ಹಾಕಬಹುದಂತೆ. ತನ್ನ ಪಗಾರ, ತನ್ನ ನಿರ್ಧಾರ, ಅಪ್ಪನೂ ಸುಮ್ಮನಾಗಿದ್ದಾನೆ. “ಶಿಫಾರಸು ನೀವ ಕೊಡ್ರಿ ಸರ. ನನ್ನ ನಿಮ್ಮಷ್ಟು ಬಲ್ಲವರು ಯಾರದಾರ್ರಿ?” ಎಂದು ಹೊಸ ಪ್ರಬಂಧ ಕೈಗಿತ್ತಳು. ವಿಶ್ವಶಾಂತಿ, ವಿಶ್ವಸಂಸ್ಥೆ, ಇಪ್ಪತ್ತೊಂದನೆಯ ಶತಮಾನದ ಸವಾಲುಗಳು. ನಾಲ್ಕು ಪುಟ. ಎಲ್ಲಿಯೂ ಒಂದು ಊರಿಲ್ಲ, ಒಂದು ಗಿಡವಿಲ್ಲ, ಜಗಳವಾಡುವ ಒಬ್ಬ ಮನುಷ್ಯನಿಲ್ಲ. ಯಾರು ಬೇಕಾದರೂ ಬರೆಯಬಹುದಾದ ಪ್ರಬಂಧ — ನಾನೂ ಬರೆಯುತ್ತಿದ್ದೆ. ನಾನು ಹೇಳಿದ್ದನ್ನು ಅವಳು ಅಷ್ಟು ಶ್ರದ್ಧೆಯಿಂದ ಪಾಲಿಸಿದ್ದಳು.

ನನ್ನಿಂದ ತಡೆಯಲಾಗಲಿಲ್ಲ. ಒಳಗೆ ಹೋಗಿ, ಕಪಾಟಿನ ತಳದಲ್ಲಿ ಬಚ್ಚಿಟ್ಟಿದ್ದ ದಿಲ್ಲಿಯ ಇ-ಮೇಲ್‌ನ ಪ್ರತಿಯನ್ನು ತಂದು ಅವಳ ಮುಂದೆ ಇಟ್ಟೆ. ಎಲ್ಲವನ್ನೂ ಹೇಳಿದೆ — ಹನ್ನೊಂದು ಚೌಕ, ನನ್ನ ಉತ್ತರ, ಪುಣೆಯವನ ಮಾತು, ಕಾಲುವೆಯ ಮೇಲೆ ಹೊರಿಸಿದ ಸುಳ್ಳು. ಅವಳು ಮೊದಲು ನಕ್ಕಳು. “ರಾಜಕೀಯದಾಗ ಆಸಕ್ತಿ ಇಲ್ಲ ಅಂತ ಬರದ್ರೇನ್ರಿ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ದಿಲ್ಲಿಯ ಆ ಪತ್ರವನ್ನು ಮತ್ತೆ ಓದಿದಳು. ‘ಬಹಳ ಹಿಡಿಸಿದೆ’ ಎಂಬಲ್ಲಿ ಅವಳ ಬೆರಳು ನಿಂತಿತು. ನಗು ಹೋಗಿ ಮುಖ ಬಿಳಿಚಿತು.

ಬಯ್ಯುತ್ತಾಳೆ ಎಂದು ಕಾದೆ. ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ಶಿಫಾರಸು ನಮ್ಮ ಹೆಡ್‌ಮಿಸ್ಟ್ರೆಸ್ ಬಾಯಾರ ಕಡೆಯಿಂದ ತುಗೋತೇನ್ರಿ” ಎಂದಳು. ಆಗಲಿ ಎಂದೆ. “ಅಪ್ಪಗ ನಾನ ಹೇಳತೇನಿ.” ಅದಕ್ಕೂ ತಲೆಯಾಡಿಸಿದೆ. ಬಾಗಿಲ ತನಕ ಹೋದವಳು ತಿರುಗಿ ನಿಂತಳು.

“ಸರ, ನೌಕರಿಗೆ ಸೇರಿದಾಗಿಂದ ನಮ್ಮ ಸಾಲಿ ಹುಡುಗ್ಯಾರಿಗೂ ನಾ ಇದನ್ನ ಹೇಳಾಕತ್ತೇನಿ. ನಿಮ್ಮೂರ ಸುದ್ದಿ ಬರೀಬ್ಯಾಡ್ರಿ, ಯಾರೂ ಓದೂದಿಲ್ಲ, ದೊಡ್ಡದು ಬರೀರಿ ಅಂತ. ಹ್ವಾದ ವಾರ ಕಸ್ತೂರಿ ಅಂತ ಒಬ್ಬಾಕಿ, ಅವರವ್ವ ಸಂತ್ಯಾಗ ಉಳ್ಳಾಗಡ್ಡಿ ಮಾರೂವಾಗ ಗಿರಾಕಿ ಜೋಡಿ ಹ್ಯಾಂಗ ಚೌಕಾಶಿ ಮಾಡ್ತಾಳಂತ ಬರಕೊಂಡು ಬಂದಿದ್ಲು. ನಾ ಅಡ್ಡ ಗೆರಿ ಹೊಡದು ವಹಿ ವಾಪಸ್ ಕೊಟ್ಟೇನ್ರಿ.” ಚಪ್ಪಲಿ ಮೆಟ್ಟಿಕೊಂಡಳು. “ಆಕಿ ಮುಂದ ನೀವ ಬಂದು ಹೇಳ್ರಿ.”

ಕಸ್ತೂರಿ ಎಂಟನೆಯ ತರಗತಿ. ಆಕೆ ನನ್ನ ಮುಖ ನೋಡಿದವಳಲ್ಲ, ನನ್ನ ಹೆಸರು ಕೇಳಿದವಳಲ್ಲ. ಆಕೆಗೆ ನಾನು ಯಾರೆಂದು ಹೇಳಿ ಮಾತು ಶುರು ಮಾಡಬೇಕೋ ತಿಳಿಯುತ್ತಿಲ್ಲ. ಸೋಮವಾರ ಕಲ್ಲೋಳಿಗೆ ಹೋಗುತ್ತೇನೆ.