ಮಾವ ಹೊಲಿದ ಬೊಂತೆ

ಮದುವೆಯಾಗಿ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಬಂದಾಗ ನನ್ನ ಟ್ರಂಕಿನಲ್ಲಿ, ಸೀರೆಗಳ ಅಡಿಯಲ್ಲಿ, ಆಗಷ್ಟೇ ಹೊಲಿಯಲು ಹಿಡಿದಿದ್ದ ಒಂದು ಬೊಂತೆ ಇತ್ತು. ಸವೆದ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ಬಟ್ಟೆಯ ತುಂಡುಗಳನ್ನು ಜೋಡಿಸಿ, ಈ ಅಂಚಿನಿಂದ ಆ ಅಂಚಿನವರೆಗೆ ಕೈಹೊಲಿಗೆ ಹಾಕಿದ ಹೊದಿಕೆಗೆ ನಮ್ಮ ಮನೆಯಲ್ಲಿ ಬೊಂತೆ ಎನ್ನುತ್ತಿದ್ದರು. ಅಜ್ಜಿ ಕಲಿಸಿದ ಕೆಲಸ. ಮಾಗಿ ಬಂತೆಂದರೆ ಗುಂಡ್ಲುಪೇಟೆಯಲ್ಲಿ ಬೆಟ್ಟದ ಕಡೆಯಿಂದ ಬೀಸುವ ಗಾಳಿಗೆ ಹಲ್ಲು ಕಟಕಟ ಎನ್ನುತ್ತವೆ. ಕಂಬಳಿ ಬೆಚ್ಚಗಿರುತ್ತದೆ, ಆದರೆ ಚುಚ್ಚುತ್ತದೆ. ಬೊಂತೆ ಹಾಗಲ್ಲ, ಒಗೆದಷ್ಟೂ ಮೆತ್ತಗಾಗುತ್ತದೆ.

ಅತ್ತೆಗೆ ಅದು ಹಿಡಿಸಲಿಲ್ಲ. ನಮ್ಮದು ದವಸದ ಮಂಡಿ ಇಟ್ಟ ಮನೆ. ಬಂದುಹೋಗುವ ಜನ ಹೆಚ್ಚು. ಟ್ರಂಕು ತೆಗೆದ ದಿನವೇ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, "ಇಲ್ದೋರು ಹೊದ್ಕೊಳ್ಳೋದು ಕಣವ್ವ ಇದು. ನಮ್ಮನೇಲಿ ಕಂಬ್ಳಿಗೇನು ಬರವ?" ಎಂದರು. ಹಾಗೆಂದು ಹೊಲಿಯಬೇಡ ಎನ್ನಲಿಲ್ಲ. ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ಅವರು ಮಲಗಿದಾಗ ಹೊಲಿದುಕೊಳ್ಳಬಹುದು, ದೀಪ ಹಚ್ಚುವ ಹೊತ್ತಿಗೆ ಸೂಜಿ ಎತ್ತಿಡಬೇಕು ಎಂದು ಒಪ್ಪಂದವಾಯಿತು.

ಶುಕ್ರವಾರವೇ ಏಕೆಂದರೆ, ನಮ್ಮ ಎದುರು ಮನೆಯ ದರ್ಜಿ ಸಾಬರು ಅಂದು ಮಿಷನ್ನು ತುಳಿಯುತ್ತಿರಲಿಲ್ಲ. ವಾರವೆಲ್ಲ ಕತ್ತರಿಸಿ ಉಳಿದ ಚೂರು ಬಟ್ಟೆಗಳನ್ನು ಗಂಟು ಕಟ್ಟಿ, ನಮಾಜು ಮುಗಿಸಿ ಬರುವಾಗ ನಮ್ಮ ಮಾವನ ಕೈಗೆ ಕೊಡುತ್ತಿದ್ದರು. ಅವರಿಬ್ಬರೂ ಹುಡುಗರಾಗಿದ್ದಾಗಿನಿಂದ ಸ್ನೇಹಿತರು. ಪಾಪ್ಲಿನ್ನು, ಚೀಟಿ ಬಟ್ಟೆ, ರವಿಕೆ ಕಣದ ಅಂಚು, ಎಲ್ಲ ಆ ಗಂಟಿನಲ್ಲಿ ಇರುತ್ತಿದ್ದವು. ವಾರಕ್ಕೊಮ್ಮೆ ಅದನ್ನು ಬಿಚ್ಚುವುದೇ ನನಗೊಂದು ಹಬ್ಬ.

ಮಾವ ಆಗಷ್ಟೇ ಮಂಡಿಯನ್ನು ಗಂಡುಮಕ್ಕಳಿಗೆ ಬಿಟ್ಟುಕೊಟ್ಟಿದ್ದರು. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ವಿಭೂತಿ, ತಿಂಡಿ. ಆಮೇಲೆ ಏನು ಮಾಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ. ಜಗಲಿಗೆ ಹೋಗುವರು, ಒಳಗೆ ಬರುವರು, ತೂಗುಹಾಕಿದ್ದ ಚೀಲವನ್ನು ಇಳಿಸಿ ಮತ್ತೆ ತೂಗುಹಾಕುವರು. ನನಗೆ ಮಗಳು ಹುಟ್ಟಿದ ಮೇಲೆ ಸ್ವಲ್ಪ ನೆಲೆ ಸಿಕ್ಕಿತು. ಮಗುವನ್ನು ಮಲಗಿಸುವ ಕೆಲಸ ತಾವೇ ವಹಿಸಿಕೊಂಡರು. ನಡುಮನೆಯ ಬೆಳಕಿಂಡಿಯ ಕೆಳಗೆ ನನ್ನ ಬೊಂತೆಯನ್ನು ಹಾಸಿ, ಅದರ ಮೇಲೆ ಕೂತು ಕೂಸನ್ನು ತೊಡೆಯ ಮೇಲೆ ತೂಗುತ್ತಿದ್ದರು.

ಒಂದು ಶುಕ್ರವಾರ ಬೊಂತೆ ಬಿಚ್ಚಿದರೆ ಅದರಲ್ಲಿ ನನ್ನದಲ್ಲದ ಹೊಲಿಗೆ ಕಂಡಿತು. ನಾನು ಎಳ್ಳುಕಾಳಿನಷ್ಟು ಸಣ್ಣ ಹೊಲಿಗೆ ಹಾಕುತ್ತಿದ್ದೆ. ಇವು ಭತ್ತದ ಕಾಳಿನಷ್ಟು ಉದ್ದ, ಎಲ್ಲವೂ ಒಂದೇ ಕಡೆಗೆ ವಾಲಿದ್ದವು. ನಾದಿನಿ ಆಟಕ್ಕೆ ಹಾಕಿರಬೇಕು ಎಂದುಕೊಂಡೆ. ಆಗ ಅವಳಿಗೆ ಹದಿನೇಳೋ ಹದಿನೆಂಟೋ. ಕೇಳಿದರೆ ಬಾಯಿಗೆ ಸೆರಗು ಹಿಡಿದು ನಕ್ಕಳು.

"ನಾನಲ್ಲ ಅತ್ಗೆ. ಅಪ್ಪಯ್ಯ."

ನಾನು ಬೊಂತೆಗೆ ಸಿಕ್ಕಿಸಿಟ್ಟಿದ್ದ ಸೂಜಿಯನ್ನು ಮಗುವಿಗೆ ಚುಚ್ಚೀತೆಂದು ಎತ್ತಲು ಹೋಗಿ, ಅದರಲ್ಲಿ ದಾರ ಉಳಿದಿದ್ದನ್ನು ನೋಡಿ, ಮಾವ ಒಂದು ಸಾಲು ಹೊಲಿದೇ ಬಿಟ್ಟಿದ್ದರಂತೆ. ಅವರು ಎಡಚರು. ಹೊಲಿಗೆ ವಾಲಿದ್ದು ಅದಕ್ಕೆ.

ನಾನು ಅದನ್ನು ಬಿಚ್ಚಲಿಲ್ಲ. ಮುಂದಿನ ವಾರ ಇನ್ನೊಂದು ಸಾಲು ಬಂದಿತ್ತು. ಆಮೇಲೆ ಇನ್ನೆರಡು.

ಆ ಕಾಲದಲ್ಲಿ ಸೊಸೆಯಾದವಳು ಮಾವನ ಎದುರಿಗೆ ನಿಂತು ಮಾತಾಡುವಂತಿರಲಿಲ್ಲ. ಏನಿದ್ದರೂ ಕಂಬದ ಮರೆಯಿಂದ, ಅದೂ ಬೇರೆಯವರ ಬಾಯಿಂದ. ಹೀಗಾಗಿ ಅವರಿಗೆ ಹೊಲಿಗೆ ಹೇಳಿಕೊಡುವ ಕೆಲಸಕ್ಕೆ ನಾದಿನಿ ನಡುವೆ ಓಡಾಡಬೇಕಾಯಿತು.

"ಅತ್ಗೆ, ಗಂಟು ಮೇಲ್ಕೆ ಕಾಣ್ತದಂತೆ, ಎಂಗೆ ಮುಚ್ಚೋದು ಅಂತ ಕ್ಯಾಳ್ತಾವ್ರೆ."

"ಪದರದ ಒಳಕ್ಕೆ ಸೂಜಿ ತೂರ್ಸಿ ಎಳ್ಕೊಳ್ಳಾಕೆ ಯೋಳು."

ಅವಳು ಹೋಗಿ ಏನೋ ಹೇಳುವಳು. ಅವರು ಏನೋ ಮಾಡುವರು. ದಾರ ಸಿಕ್ಕುಬೀಳುವುದು. ಒಂದು ದಿನ ಮಾವ ಬೊಂತೆಯನ್ನು ತೊಡೆಯಿಂದ ಇಳಿಸಿ, ಕಂಬದ ಕಡೆಗೇ ನೋಡುತ್ತ ಹೇಳಿದರು. "ನೀನೇ ಬಂದು ತೋರ್ಸವ್ವ. ಇವ್ಳು ಅರ್ಧ ಯೋಳ್ತಾಳೆ, ಅರ್ಧ ನುಂಗ್ತಾಳೆ."

ನಾನು ಸೆರಗು ಎಳೆದುಕೊಂಡು ಹೋಗಿ, ಸ್ವಲ್ಪ ದೂರದಲ್ಲಿ ಕೂತು, ಗಂಟು ಮರೆಸುವುದನ್ನು ತೋರಿಸಿದೆ. ಮಾವ ಮುಖ ಎತ್ತಲಿಲ್ಲ. ನನ್ನ ಕೈಯನ್ನಷ್ಟೇ ನೋಡಿದರು. ಆ ಮನೆಗೆ ಬಂದು ಎರಡು ವರ್ಷವಾಗಿತ್ತು. ನಾವಿಬ್ಬರೂ ನೇರವಾಗಿ ಆಡಿದ ಮೊದಲ ಮಾತು ದಾರದ ಗಂಟಿನದು.

ಅಂದಿನಿಂದ ಶುಕ್ರವಾರದ ಮಧ್ಯಾಹ್ನ ನಡುಮನೆ ತುಂಬಿತು. ಒಂದು ಅಂಚಿನಲ್ಲಿ ಮಾವ, ಇನ್ನೊಂದು ಅಂಚಿನಲ್ಲಿ ನಾನು, ನಡುವೆ ತುಂಡು ಆರಿಸಿಕೊಡುವ ನಾದಿನಿ. ದರ್ಜಿ ಸಾಬರು ಬಂದರೆ ಬಾಗಿಲ ಬಳಿಯ ಮಣೆಯ ಮೇಲೆ ಕೂತು ಎಲೆಅಡಿಕೆ ಹಾಕುತ್ತ ನೋಡುವರು. ಮಾವನ ಕೈ ಬೇಗ ಪಳಗಿತು. ಬಣ್ಣ ಸೇರಿಸುವುದರಲ್ಲಂತೂ ಅವರಿಗೆ ನನಗಿಂತ ಧೈರ್ಯ ಹೆಚ್ಚು. ಹಸಿರಿನ ಪಕ್ಕ ಕಡು ನೀಲಿ ಇಟ್ಟು, ಅದರ ನಡುವೆ ಒಂದು ಚೂರು ಹಳದಿ ಇಡುವರು. ನಾನು ಬೇಡವೆಂದುಕೊಳ್ಳುವಷ್ಟರಲ್ಲಿ ಅದು ಚೆನ್ನಾಗಿ ಕಾಣತೊಡಗುವುದು.

ಅತ್ತೆ ಮಾತ್ರ ಒಳಗೊಳಗೇ ಕುದಿಯುತ್ತಿದ್ದರು. ಅವರು ಮಲಗುವುದನ್ನು ಬಿಟ್ಟು ಬೀದಿ ಬಾಗಿಲು ಕಾಯತೊಡಗಿದರು.

"ಮಂಡಿ ಯಜಮಾನ್ರು ಎಂಗಸ್ರ ಸಮ ಕೂತ್ಕಂಡು ಚಿಂದಿ ಹೊಲೀತಾವ್ರೆ ಅಂದ್ರೆ ಊರು ನಗಾಕಿಲ್ವ?"

ಮಾವನ ಬದಲು ಸಾಬರು ಮೆಲ್ಲಗೆ ಹೇಳಿದರು. "ಅಮ್ಮಾವ್ರೇ, ನಾನೂ ಗಂಡಸೇ. ಹುಟ್ಟಿದಾಗಿಂದ ಹೊಲೀತಾ ಇದೀನಿ."

"ನಿಮ್ದು ಕಸುಬು ಬುಡಿ ಸಾಬ್ರೇ. ಇವ್ರಿಗೇನು ಬಂದದ?"

"ಇವರಿಗೆ ನೆಮ್ಮದಿ ಬಂದದೆ. ಇನ್ನೇನು ಬರಬೇಕು?"

ಅತ್ತೆ ಹೋಗಿ ಬೀದಿ ಬಾಗಿಲು ಹಾಕಿಕೊಂಡು ಬಂದರು.

ಮಾಗಿಯ ಹೊತ್ತಿಗೆ ಬೊಂತೆ ಮುಗಿಯಿತು. ಮುಕ್ಕಾಲು ಪಾಲು ಮಾವನದೇ ಹೊಲಿಗೆ. ಅದೇ ಸಮಯದಲ್ಲಿ ಬೇಗೂರಿನ ಒಂದು ಮನೆಯವರು ನಾದಿನಿಯನ್ನು ನೋಡಲು ಬಂದರು. ಬೆಳಗಿನ ಬಸ್ಸಿನಲ್ಲಿ ಹುಡುಗನ ತಂದೆ, ತಾಯಿ, ಅಜ್ಜಿ ಬಂದಿಳಿದರು. ಅವಸರದಲ್ಲಿ ಯಾರೂ ಬೊಂತೆಯನ್ನು ನಡುಮನೆಯ ಮಂಚದ ಮೇಲಿಂದ ಎತ್ತಿಟ್ಟಿರಲಿಲ್ಲ. ಅಜ್ಜಿ ನೇರವಾಗಿ ಹೋಗಿ ಅದರ ಮೇಲೇ ಕೂತರು. ಹೆಣ್ಣು ತೋರಿಸಿದ್ದಾಯಿತು, ಮಾತುಕತೆಯಾಯಿತು. ಅಜ್ಜಿಯ ಕೈ ಮಾತ್ರ ಬೊಂತೆಯ ಮೇಲೆ ಆಡುತ್ತಲೇ ಇತ್ತು.

"ಇದ ಯಾರು ಹೊಲ್ದಿರದು?" ಎಂದು ಕೇಳಿದರು.

"ನಮ್ ಸೊಸೆ," ಎಂದರು ಅತ್ತೆ.

"ಎಡಗೈಯವ್ಳ?"

ಅತ್ತೆ "ಊಂ," ಎಂದುಬಿಟ್ಟರು.

ನಾನು ಅಡಿಗೆಮನೆಯ ಬಾಗಿಲಲ್ಲಿ ಪಾಯಸದ ಪಾತ್ರೆ ಹಿಡಿದು ನಿಂತಿದ್ದೆ. ಮಾವ ಗೋಡೆಗೆ ಒರಗಿ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದರು. ಅವರ ಕೈ ನಿಂತಿತು. ಆಮೇಲೆ ಮತ್ತೆ ಕತ್ತರಿಸತೊಡಗಿದರು. ಅತ್ತೆಯ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ನಾನು ಬಲಗೈಯಲ್ಲಿ ಪಾಯಸ ಬಡಿಸಿ ಬಂದೆ.

ಮುಂದಿನ ಶುಕ್ರವಾರ ಮಾವ ನಡುಮನೆಗೆ ಬರಲಿಲ್ಲ. ನಾನು ಹೊಸ ಬೊಂತೆಗೆ ಸೀರೆ ಹಾಸಿಕೊಂಡು ಕಾದೆ. ಸಾಬರು ಗಂಟು ತಂದರು. ಮಾವ ಜಗಲಿಯಿಂದಲೇ, "ಹುಡ್ಗಿ ಕೈಗೆ ಕೊಡಿ ಸಾಬ್ರೇ, ನಂಗ್ಯಾಕೆ," ಎಂದರು. ಸಾಬರು ಗಂಟನ್ನು ನಾದಿನಿಯ ಕೈಗೆ ಕೊಟ್ಟು, ಸ್ನೇಹಿತನ ಪಕ್ಕದಲ್ಲಿ ಸಂಜೆಯವರೆಗೆ ಸುಮ್ಮನೆ ಕೂತು ಹೋದರು.

ಮಾವನಿಗೆ ಸಿಟ್ಟು ಬಂದಿದ್ದರೆ ಸುಲಭವಿತ್ತು. ಅವರು ಸಿಟ್ಟಾಗಲಿಲ್ಲ, ಮಂಕಾದರು. ಮತ್ತೆ ಮಂಡಿಗೆ ಹೋಗತೊಡಗಿದರು. ಮೂಟೆ ಇಲ್ಲೇಕೆ ಇಟ್ಟಿರಿ, ತಕ್ಕಡಿ ಅಲ್ಲೇಕೆ ಕಟ್ಟಿದಿರಿ ಎಂದು ಮಕ್ಕಳೊಡನೆ ಜಟಾಪಟಿ. ನನ್ನ ಗಂಡ ಮನೆಗೆ ಬಂದು ಅಮ್ಮನ ಮುಂದೆ ಕೂತು, "ಅಪ್ಪಯ್ಯನ್ನ ಮನೇಲೇ ಇರುಸ್ಕೊ, ನಿನ್ನ ದಮ್ಮಯ್ಯ," ಎಂದು ಬೇಡಿಕೊಂಡರು. ಮೊದಲ ವಾರ ಹಾಯಾಗಿದ್ದ ಅತ್ತೆಯೂ ಆಮೇಲೆ ಗಂಡನ ಮುಖವನ್ನು ಕದ್ದು ನೋಡತೊಡಗಿದರು. ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು ಮಾವ.

ಅಷ್ಟರಲ್ಲಿ ಬೇಗೂರಿನಿಂದ ಜನ ಬಂದು, ಹೆಣ್ಣು ಒಪ್ಪಿಗೆಯಾಗಿದೆ ಎಂದು ತಿಳಿಸಿದರು. ಜೊತೆಗೆ ಅಜ್ಜಿಯ ಒಂದು ಮಾತು. ಹುಡುಗಿ ಬರುವಾಗ ಅಂಥದೇ ಒಂದು ಬೊಂತೆ ತರಲಿ, ಅದೇ ಕೈಯದು.

ಅತ್ತೆ ನನ್ನನ್ನು ಕೂರಿಸಿದರು. ನಾನು ಎಡಕ್ಕೆ ವಾಲಿಸಿ ಹೊಲಿಯಲು ನೋಡಿದೆ. ಉದ್ದ ಹೊಲಿಗೆ ಹಾಕಿದರೆ ಬಟ್ಟೆ ಸುಕ್ಕುಗಟ್ಟಿತು. ಎಡಗೈಯಲ್ಲಿ ಸೂಜಿ ಹಿಡಿದೆ, ಬೆರಳಿಗೆ ಚುಚ್ಚಿಕೊಂಡೆ. ಅತ್ತೆ ನನ್ನ ಹೊಲಿಗೆಯನ್ನೂ ಮಾವನ ಬೊಂತೆಯನ್ನೂ ಪಕ್ಕಪಕ್ಕದಲ್ಲಿ ಹಾಸಿಕೊಂಡು ಬಹಳ ಹೊತ್ತು ನೋಡಿದರು. ಆ ಹೊಲಿಗೆಯನ್ನು ಅವರು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು. ಕೊನೆಗೆ ಬೊಂತೆಯನ್ನು ಮಡಿಸಿ ಎತ್ತಿಕೊಂಡು ಜಗಲಿಗೆ ಹೋದರು. ನಾನೂ ನಾದಿನಿಯೂ ಬಾಗಿಲ ಹಿಂದೆ ನಿಂತೆವು.

"ನೋಡಿ, ಬೇಗೂರೋರು ಕ್ಯಾಳವ್ರೆ. ಒಂದು ಹೊಲ್ದುಕೊಡಿ."

"ಸೊಸೆ ಹೊಲ್ದದ್ದು ಅಂದ್ಯಲ್ಲ. ಅವ್ಳೇ ಹೊಲೀಲಿ ಬುಡು."

"ಅವ್ಳ ಕೈ ಬ್ಯಾರೆ, ನಿಮ್ಮ ಕೈ ಬ್ಯಾರೆ. ನಂಗೂ ಕಣ್ಣವೆ."

ಅತ್ತೆ ಜಗಲಿಯ ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕೂತರು. ಬೀದಿಗೆ ಕಾಣುವಂತೆ ಗಂಡನ ಪಕ್ಕ ಕೂತವರಲ್ಲ ಅವರು.

"ನಂಗೆ ನಾಚ್ಕೆ ಆಗೋಯ್ತು. ಅದ್ಕೆ ಅಂಗಂದ್ಬುಟ್ಟೆ."

"ಈಗ ಆಗಾಕಿಲ್ವ?"

"ಈಗ್ಲೂ ಆಯ್ತದ. ಏನ್ ಮಾಡನ, ಆಗ್ಲಿ ಬುಡಿ. ನೀವು ಉಣ್ದೆ ಏಳೋದ ನೋಡಾಕಾಗಾಕಿಲ್ಲ ನಂಗೆ."

ಮಾವ ಮೊದಲು ಸದ್ದಿಲ್ಲದೆ, ಆಮೇಲೆ ಕೆಮ್ಮು ಬರುವಷ್ಟು ನಕ್ಕರು. "ಹಳೇ ಸೀರೆ ಮೆತ್ಗಿರದು ಇದ್ರೆ ಕೊಡು," ಎಂದರು.

ಅತ್ತೆ ಒಳಗೆ ಬಂದು, ತಾವು ಉಟ್ಟು ಸವೆಸಿದ ಮೂರು ನೂಲಿನ ಸೀರೆಗಳನ್ನು ತಂದು ನನ್ನ ಮುಂದೆ ಹಾಕಿದರು. ಮಾವ ಆ ಬೊಂತೆಯನ್ನು ಶುಕ್ರವಾರಕ್ಕೆ ಕಾಯದೆ ದಿನಾ ಹೊಲಿದರು. ನಾನು ಅಂಚು ಮಾತ್ರ ಮಡಿಸಿ ಹೊಲಿದೆ. ಸಾಬರು ಯಾರದೋ ಮದುವೆಯ ಬಟ್ಟೆಯಿಂದ ಉಳಿದ ಕೆಂಪು ಸ್ಯಾಟಿನ್ನಿನ ಒಂದು ಪಟ್ಟಿಯನ್ನು ತಂದುಕೊಟ್ಟು, ನಡುವೆ ಇಡಿ ಎಂದರು. ಮಾವ ಅದನ್ನು ನಡುವೆ ಇಡಲಿಲ್ಲ. ನಾಲ್ಕು ಚೂರು ಮಾಡಿ ನಾಲ್ಕು ಮೂಲೆಗೆ ಇಟ್ಟರು.

ನಿಶ್ಚಿತಾರ್ಥ ನಮ್ಮ ಮನೆಯಲ್ಲೇ ನಡೆಯಿತು. ಹೆಂಗಸರೆಲ್ಲ ಒಳಗೆ ಕೂತಿದ್ದಾಗ ಬೊಂತೆಯನ್ನು ಬಿಚ್ಚಿ ತೋರಿಸಿದೆವು. ಬೇಗೂರಿನ ಅಜ್ಜಿ ಅದನ್ನು ಮೊಣಕಾಲ ಮೇಲೆ ಎಳೆದುಕೊಂಡು, "ಅದೇ ಕೈ," ಎಂದರು.

ಅತ್ತೆಯ ಮುಖ ಕೆಂಪಗಾಗಿತ್ತು. "ಸೊಸೇದಲ್ಲ ಕಣಮ್ಮ ಅದು. ಅವತ್ತು ನಾ ತಪ್ಪು ಯೋಳ್ದೆ. ನಮ್ ಯಜಮಾನ್ರು ಹೊಲ್ದಿರದು," ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಕಿಸಕ್ಕೆಂದರು. ಅಜ್ಜಿ ನಗಲಿಲ್ಲ.

"ನಂಗೆ ಅವತ್ತೇ ಗೊತ್ತಾಯ್ತು. ಅವ್ರು ಎಡಗೈಲಿ ಅಡಕೆ ಕತ್ರುಸ್ತಿದ್ರು. ನಿನ್ ಸೊಸೆ ಬಲಗೈಲಿ ಪಾಯ್ಸ ಬಡುಸ್ತಾ ಇದ್ಲು." ಆಮೇಲೆ ಬೊಂತೆಯನ್ನು ಮಡಿಸುತ್ತ, "ನಮ್ಮನೆಯೋರು ಒಂದು ಗುಂಡಿ ಕಿತ್ತೋದ್ರೂ ಮನೆ ಎಲ್ಲ ಕೂಗಾಡೋರು. ನೀ ಪುಣ್ಯವಂತೆ," ಎಂದರು.

ಅತ್ತೆ ಎದ್ದು ಹೋಗಿ ಎಲ್ಲರಿಗೂ ಇನ್ನೊಂದು ಸಲ ಪಾನಕ ತಂದು ಕೊಟ್ಟರು.

ನಾದಿನಿಯ ಮದುವೆಯಾಯಿತು. ಅವಳು ಮೊದಲ ಹೆರಿಗೆಗೆ ಬಂದಾಗ ಬೊಂತೆಯನ್ನೂ ತಂದಿದ್ದಳು. ಆ ಮನೆಯಲ್ಲಿ ಅದಕ್ಕಾಗಿ ಅಜ್ಜಿಗೂ ಅವಳಿಗೂ ದಿನಾ ಜಗಳವಂತೆ, ಗೆಲ್ಲುವುದು ಅಜ್ಜಿಯೇ ಅಂತೆ. ಮಾವ ಅಜ್ಜಿಗೆ ಬೇರೆಯದೇ ಒಂದನ್ನು ಹೊಲಿದು ಕಳಿಸಿದರು. ಬರಬರುತ್ತ ಅವರಿಗೆ ಕಣ್ಣು ಮಂಜಾಯಿತು. ಸಾಬರು ಶುಕ್ರವಾರ ಬಂದಾಗ ಹತ್ತಾರು ಸೂಜಿಗಳಿಗೆ ದಾರ ಪೋಣಿಸಿ, ಒಂದು ಬಟ್ಟೆಗೆ ಸಾಲಾಗಿ ಸಿಕ್ಕಿಸಿ ಹೋಗುತ್ತಿದ್ದರು. ಅವು ವಾರಕ್ಕೆ ಸಾಕಾಗುತ್ತಿದ್ದವು.

ಸಾಬರ ಮನೆಯಲ್ಲಿ ಮೊಮ್ಮಗಳು ಹುಟ್ಟಿದ ವರ್ಷ ಮಾವ ತೊಟ್ಟಿಲಿಗೆ ಹಾಸುವಷ್ಟು ಸಣ್ಣ ಬೊಂತೆಯೊಂದನ್ನು ಹೊಲಿದರು. ತಾವೇ ಕೊಡಲು ಸಂಕೋಚ, ನನ್ನನ್ನು ಕಳಿಸುವ ಯೋಚನೆಯಲ್ಲಿದ್ದರು. ಅತ್ತೆ, "ನಾ ಓಯ್ತೀನಿ, ಬಾಣಂತಿನೂ ನೋಡ್ದಂಗಾಯ್ತದ," ಎಂದು ಅದನ್ನು ತೋಳಿನ ಮೇಲೆ ಹರವಿಕೊಂಡು ಬೀದಿ ದಾಟಿದರು. ಸಾಬರ ಹೆಂಡತಿ ಚಾಪೆ ಹಾಕಿ ಕೂರಿಸಿ, ಎಲೆಅಡಿಕೆ, ಬಾಳೆಹಣ್ಣು ಕೊಟ್ಟರಂತೆ. ಮಗು ಅದರ ಮೇಲೆ ಮಲಗಿಸಿದ ಕೂಡಲೇ ನಿದ್ದೆ ಹೋಯಿತೆಂದು ಅತ್ತೆ ಬಂದು ಹೇಳಿದರು. ಅದನ್ನು ಮಾವ ಆ ಸಂಜೆ ಮತ್ತೆ ಮತ್ತೆ ಕೇಳಿ ಹೇಳಿಸಿಕೊಂಡರು.