ಇಕ್ಕಳ ದೇವರಾಜು ನಾಗಪುರಕ್ಕೆ ಹೋದದ್ದು

ತೋವಿನಕೆರೆಯ ದೇವರಾಜುವಿಗೆ ಇಕ್ಕಳ ಅಂತ ಹೆಸರಿಟ್ಟವನು ನಾನೇ. ಕೊರಟಗೆರೆಯಲ್ಲಿ ನಾನು ಪ್ರೈಮರಿ ಶಾಲೆ ಮೇಷ್ಟ್ರು. ರಜೆ ಬಂದರೆ ಸುತ್ತಲ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಕಬಡ್ಡಿ ನಡೆದರೂ ಮೈಕು ಹಿಡಿದುಕೊಂಡು ಕೂರುವುದು ನನ್ನ ಹುಚ್ಚು. ಶಿರಾದಲ್ಲಿ ನಡೆದ ಒಂದು ಪಂದ್ಯಾವಳಿಯಲ್ಲಿ ಎದುರಾಳಿ ರೈಡರ್ ಒಬ್ಬ ಅಂಕಣದ ಆಳಕ್ಕೆ ನುಗ್ಗಿ, ಇನ್ನೇನು ತಿರುಗಿ ಓಡಬೇಕು, ಅಷ್ಟರಲ್ಲಿ ಮೂಲೆಯಲ್ಲಿ ಬಗ್ಗಿ ನಿಂತಿದ್ದ ಸಣಕಲು ಯುವಕನೊಬ್ಬ ಅವನ ಹಿಮ್ಮಡಿಯನ್ನು ಎರಡೂ ಕೈಯಲ್ಲಿ ಕಚ್ಚಿ ಹಿಡಿದ. ರೈಡರ್ ನೋಡುವುದಕ್ಕೆ ಇವನ ಎರಡರಷ್ಟಿದ್ದ. ಆದರೂ ಹಿಡಿತ ಬಿಡಲಿಲ್ಲ. "ಒಲೆ ಮೇಲಿಂದ ಪಾತ್ರೆ ಇಳ್ಸೋ ಇಕ್ಕಳ ಇದ್ದಂಗೈತೆ ನೋಡ್ರಪ್ಪೋ!" ಎಂದು ನಾನು ಕೂಗಿದೆ. ಅವತ್ತಿನಿಂದ ದೇವರಾಜು ಎಲ್ಲರ ಬಾಯಲ್ಲೂ ಇಕ್ಕಳವಾದ.

ಅಂಕಣದ ಹೊರಗೆ ಅವನಷ್ಟು ಸಂಕೋಚದ ಮನುಷ್ಯ ಇನ್ನೊಬ್ಬನಿಲ್ಲ. ಮಾತು ಕಡಿಮೆ. ಆದರೆ ಒಂದು ವಿದ್ಯೆ ಇತ್ತು. ಯಾರನ್ನೇ ಎರಡು ನಿಮಿಷ ನೋಡಿದರೂ ಅವರ ಹಾಗೆಯೇ ನಡೆದು, ನಿಂತು, ಕೆಮ್ಮಿ ತೋರಿಸುತ್ತಿದ್ದ. ನಾನು ಮೈಕು ಹಿಡಿಯುವ ಮೊದಲು ಪಂಚೆ ಸರಿಮಾಡಿಕೊಳ್ಳುತ್ತೇನೆ ಎನ್ನುವುದು ನನಗೆ ಗೊತ್ತಾದದ್ದೇ ಅವನು ಅಣಕಿಸಿದ ಮೇಲೆ.

ಅವನ ತಾಯಿ ಮಹಾಲಕ್ಷ್ಮಮ್ಮ ಗೊರವನಹಳ್ಳಿ ದೇವಸ್ಥಾನದ ಬಳಿ ಹೂವು, ಹಣ್ಣುಕಾಯಿ ಮಾರುತ್ತಾರೆ. ಹೆಂಡತಿ ಸಹನಾ ಮಧುಗಿರಿಯ ಒಂದು ಖಾಸಗಿ ಶಾಲೆಯಲ್ಲಿ ಆಟದ ಟೀಚರು. ಒಂದು ಕಾಲಕ್ಕೆ ಜಿಲ್ಲೆಗೇ ಹೆಸರಾದ ಖೋಖೋ ಆಟಗಾರ್ತಿ. ಗಂಡ ಹೆಂಡತಿ ಮಧುಗಿರಿಯಲ್ಲೇ ಬಾಡಿಗೆ ಮನೆ ಮಾಡಿಕೊಂಡಿದ್ದರು. ಬೆಳಗ್ಗೆ ಡೈರಿಯ ಹಾಲಿನ ವ್ಯಾನು ಓಡಿಸುವುದು, ಆಮೇಲೆ ಅಭ್ಯಾಸ ಮಾಡುವುದು, ಇದು ದೇವರಾಜುವಿನ ದಿನಚರಿ.

ಮೂರು ವರ್ಷದ ಹಿಂದೆ ಒಂದು ವೃತ್ತಿಪರ ಲೀಗ್ ತಂಡ ಅವನನ್ನು ಮೀಸಲು ಆಟಗಾರನಾಗಿ ತೆಗೆದುಕೊಂಡಿತ್ತು. ಇಡೀ ಋತು ಬೆಂಚಿನ ಮೇಲೆ ಕೂತು ಬಂದ. ಟಿವಿಯಲ್ಲಿ ಕಂಡದ್ದು ಒಂದೇ ಸಲ, ಅದೂ ಬೇರೆಯವರ ಆಟಕ್ಕೆ ಚಪ್ಪಾಳೆ ತಟ್ಟುವಾಗ. ಮಹಾಲಕ್ಷ್ಮಮ್ಮನಿಗೆ ಅಷ್ಟೇ ಸಾಕಾಯಿತು. ಬಸ್ಸಿಳಿದು ಬಂದ ಭಕ್ತರಿಗೆಲ್ಲ ಹೂವಿನ ಜೊತೆ ಅದನ್ನೂ ಹೇಳಿ ಕಳಿಸುತ್ತಿದ್ದರು. ಆದರೆ ಮುಂದಿನ ಎರಡು ಹರಾಜಿನಲ್ಲೂ ಅವನನ್ನು ಯಾರೂ ಕೊಳ್ಳಲಿಲ್ಲ. ಎರಡನೆಯ ಸಲವಂತೂ ಅವನ ಹೆಸರು ಕೂಗುವ ಮೊದಲೇ ಹರಾಜು ಮುಗಿದುಹೋಯಿತು.

"ಸಾಕು ಬುಡಿ ಮೇಷ್ಟ್ರೇ. ವಯಸ್ಸು ಇಪ್ಪತ್ತೇಳಾಯ್ತು" ಅಂದ.

ಹಾಗೆ ಅಂದ ವಾರದೊಳಗೆ, ಒಂದೇ ದಿನ, ಎರಡು ಫೋನು ಬಂದವು.

ಈ ಲೀಗಿನಲ್ಲಿ ಪ್ರತಿ ತಂಡಕ್ಕೂ ಹರಾಜಿನಲ್ಲಿ ಕೊಂಡ ಆಟಗಾರರ ಹೊರತಾಗಿ ಅಭ್ಯಾಸದ ಆಟಗಾರರು ಅಂತ ಕೆಲವರು ಇರುತ್ತಾರೆ. ಪಂದ್ಯದ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ. ದಿನವೂ ಬೆಳಗ್ಗೆ ಎದುರಾಳಿಗಳ ಜಾಗದಲ್ಲಿ ನಿಂತು ತಮ್ಮ ತಂಡದವರ ಕೈಯಲ್ಲಿ ಹೊಡೆಸಿಕೊಳ್ಳಬೇಕು. ಯಾರಿಗಾದರೂ ಪೆಟ್ಟು ಬಿದ್ದರೆ, ತರಬೇತುದಾರ ಮನಸ್ಸು ಮಾಡಿದರೆ, ಮೇಲಕ್ಕೆ ಹತ್ತಬಹುದು. ಬಂದದ್ದು ಅಂಥ ಕರೆಗಳು.

ಮೊದಲನೆಯದು ಹಿಂದಿನ ವರ್ಷ ಕಪ್ ಗೆದ್ದಿದ್ದ ಮೈಸೂರು ಮದಗಜ ತಂಡದ್ದು. ಮಾತಾಡಿದವನು ತಂಡದ ಮ್ಯಾನೇಜರ್. "ಬ್ರದರ್, ಚಾಂಪಿಯನ್ ಟೀಮ್ ಬ್ರದರ್. ಒಂದು ಸೀಸನ್ ನಮ್ ಜೊತೆ ಇದ್ರೆ ನಿಮ್ ಲೈಫೇ ಚೇಂಜು. ನಾಳೆ ಸಂಜೆಯೊಳಗೆ ಹೇಳ್ಬಿಡಿ."

ಎರಡನೆಯದು ನಾಗಪುರದ ವಿದರ್ಭ ವೀರರು ತಂಡದಿಂದ. ಕೊನೆಯ ಸ್ಥಾನಕ್ಕೆ ಪ್ರಸಿದ್ಧವಾದ ತಂಡ ಅದು. ಮಾತಾಡಿದವರು ತರಬೇತುದಾರ ರಣಬೀರ್ ಸಿಂಗ್, ಹರಿಯಾಣದ ಮುದುಕ. ಅವರ ಹಿಂದಿ ಒರಟು, ಇವನ ಹಿಂದಿ ಅರ್ಧಂಬರ್ಧ. ಸಹನಾ ಸ್ಪೀಕರ್ ಹಾಕಿಸಿ ಪಕ್ಕದಲ್ಲೇ ಕೂತಳು. ಶಿರಾದ ಪಂದ್ಯದ ವಿಡಿಯೋ ನೋಡಿದೆ, ಹಿಡಿತ ಚೆನ್ನಾಗಿದೆ, ಆದರೆ ರೈಡರ್ ಥಟ್ಟನೆ ಹಿಂದಕ್ಕೆ ತಿರುಗಿದಾಗ ನಿನ್ನ ಎಡಗಾಲು ತಡವಾಗಿ ಬರುತ್ತದೆ, ಅದನ್ನು ತಿದ್ದಬಹುದು, ಆಡಿಸುತ್ತೇನೆ ಅಂತ ಮಾತು ಕೊಡುವುದಿಲ್ಲ ಎಂದು ಅವರು ಹೇಳಿದರಂತೆ. ಯೋಚನೆ ಮಾಡು ಎಂದು ಫೋನು ಇಟ್ಟುಬಿಟ್ಟರಂತೆ.

ದೇವರಾಜುವಿನ ಮನಸ್ಸು ಮೈಸೂರಿಗೇ ವಾಲಿತ್ತು. ಹತ್ತಿರದ ಊರು, ಕನ್ನಡದ ಜನ, ಗೆದ್ದ ತಂಡದ ಅಂಗಿ. ನಾಗಪುರದ ಮುದುಕ ಎಡಗಾಲಿನ ಬಗ್ಗೆ ಅಂದದ್ದು ಬೇರೆ ಸ್ವಲ್ಪ ಚುಚ್ಚಿತ್ತು. ತಾಯಿಯದೂ ಅದೇ ಮಾತು. "ನಾಗಪುರ ಎತ್ಲಾಗೈತೋ ಏನೋ ಕಣ್ಲಾ. ಮೈಸೂರಾದ್ರೆ ಚಾಮುಂಡವ್ವನ ನೋಡೋ ನೆಪದಾಗೆ ನಾನೂ ಬಂದು ಹೋಗ್ಬೋದು."

ಸಹನಾ ಮಾತ್ರ ಹೂಂ ಅನ್ನಲಿಲ್ಲ. "ಮೈಸೂರಿನೋರ ಹತ್ರ ನೀವು ನಿಲ್ಲೋ ಮೂಲೆಗೆ ಯಾರವ್ರೆ?" ಎಂದು ಕೇಳಿದಳು.

"ಇಡೀ ದೇಶಕ್ಕೇ ಅವನೇ ದೊಡ್ಡ ಕಾರ್ನರ್."

"ವಯಸ್ಸೆಷ್ಟು?"

"ಇಪ್ಪತ್ನಾಕು."

"ಸರಿ ಹೋಯ್ತು. ಅವನ ಮಂಡಿ ಸವೆಯೋಷ್ಟೊತ್ಗೆ ನಿಮಗೆ ಮೊಮ್ಮಕ್ಳಾಗ್ತವೆ."

ಅಷ್ಟಕ್ಕೇ ಬಿಡಲಿಲ್ಲ. ಮದಗಜ ತಂಡದಲ್ಲಿ ಹಿಂದೆ ಅಭ್ಯಾಸದ ಆಟಗಾರನಾಗಿದ್ದವನೊಬ್ಬನ ನಂಬರನ್ನು ಗೆಳತಿಯರಿಂದ ಪಡೆದು ತಾನೇ ಫೋನು ಮಾಡಿದಳು. ಅವನು ತಂಡವನ್ನು ಬೈಯಲಿಲ್ಲ. ಊಟ ಚೆನ್ನಾಗಿದೆ, ಜಿಮ್ಮು ಚೆನ್ನಾಗಿದೆ, ಎಲ್ಲರೂ ಒಳ್ಳೆಯವರು ಎಂದ. ಅಭ್ಯಾಸದಿಂದ ಅಂಕಣಕ್ಕೆ ಹತ್ತಿದವರು ಯಾರಾದರೂ ಇದ್ದಾರಾ ಎಂದು ಕೇಳಿದಳು. "ಗೆಲ್ಲೋ ಟೀಮು ಯಾಕೆ ಬದಲಾಯಿಸ್ತಾರೆ ಅಕ್ಕ?" ಎಂದನಂತೆ.

ಮಾರನೆಯ ದಿನ ಭಾನುವಾರ. ದೇವರಾಜು, ಸಹನಾ, ನಾನು ಮೂವರೂ ಪಾವಗಡಕ್ಕೆ ಹೋದೆವು. ಅಲ್ಲಿ ಪೆದ್ದಣ್ಣ ಇದ್ದರು. ದೇವರಾಜು ಪಾವಗಡದ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುವಾಗ ಅವನಿಗೆ ಕಬಡ್ಡಿಯ ರುಚಿ ಹತ್ತಿಸಿದ ಗುರು. ಈಗ ನಿವೃತ್ತರು. ಆ ಕಡೆಯವರಂತೆ ಮಾತಿನ ನಡುವೆ ತೆಲುಗು ಬೆರೆಸುತ್ತಾರೆ. ಬೇವಿನ ಮರದ ಕೆಳಗೆ ಮಂಚ ಹಾಕಿಕೊಂಡು ಕಡಲೆಕಾಯಿ ಬಿಡಿಸುತ್ತಿದ್ದರು. ಎರಡೂ ಫೋನಿನ ಕತೆಯನ್ನು ಪೂರ್ತಿ ಕೇಳಿದರು.

"ಒರೇ, ಮೈಸೂರಿನೋನು ನಿನ್ ಹೆಸರಿಡಿದು ಕರೆದ್ನಾ?"

ದೇವರಾಜು ಯೋಚಿಸಿದ. "ಇಲ್ಲ ಸಾ. ಬ್ರದರ್ ಅಂದ."

"ಚೂಡು ನಾಯನಾ, ನೋಡಪ್ಪ. ಅವನ ಮುಂದೆ ಹತ್ತು ಜನದ ಹೆಸರೈತೆ, ಯಾವನಾರೂ ಒಬ್ಬ ಬಂದ್ರಾಯ್ತು. ಆ ಮುದುಕ ನಿನ್ ಎಡಗಾಲು ನೋಡವ್ನೆ. ತಪ್ಪು ಹೇಳ್ಬೇಕಾದ್ರೆ ಪೂರ್ತಿ ಆಟ ಕೂತ್ಕಂಡು ನೋಡಿರ್ಬೇಕಲ್ವಾ? ಆ ಎಡಗಾಲಿನ ಬಗ್ಗೆ ನಾನೂ ಹಾಸ್ಟೆಲ್‌ನಾಗೆ ಬಡ್ಕೊಂಡಿದ್ದೆ, ನೀನು ಕೇಳ್ಳಿಲ್ಲ."

"ಆದ್ರೆ ಆಡುಸ್ತೀನಿ ಅಂತ ಅವ್ರೂ ಹೇಳ್ಳಿಲ್ವಲ್ಲ ಸಾ."

"ಹೇಳಿದ್ರೆ ಹೋಗ್ಬೇಡ ಅಂತಿದ್ದೆ. ಇನ್ನೂ ನೋಡ್ದೇ ಇರೋನಿಗೆ ಮಾತು ಕೊಡೋನು ಸುಳ್ಳುಗಾರ."

ವಾಪಸು ಬರುವಾಗ ಬಸ್ಸಿನಲ್ಲಿ ದೇವರಾಜು ಕಿಟಕಿಯಾಚೆ ನೋಡುತ್ತ ಕೂತಿದ್ದ. ಮಧುಗಿರಿ ಬೆಟ್ಟ ಕಾಣುವ ಹೊತ್ತಿಗೆ ಸಹನಾಳ ಕಡೆ ತಿರುಗಿ, "ನೀನೊಬ್ಳೇ ಇರ್ತೀಯಲ್ಲ" ಅಂದ.

"ನಾನೇನು ಮಗುವೇ? ಮೈಸೂರಿಗೆ ಹೋದ್ರೂ ಒಬ್ಳೇ ಇರ್ತಿದ್ದೆ" ಎಂದಳು. ಹಾಗೆ ಹೇಳಿ ಮುಖ ಆ ಕಡೆ ತಿರುಗಿಸಿಕೊಂಡದ್ದು ನನಗೆ ಕಾಣಿಸಿತು.

ಅವತ್ತು ಸಂಜೆ ಮೈಸೂರಿಗೆ ಫೋನು ಮಾಡಿ ಬರುವುದಿಲ್ಲ ಎಂದ. ಮ್ಯಾನೇಜರ್ ಬೇಸರ ಮಾಡಿಕೊಳ್ಳದೆ "ಆಲ್ ದಿ ಬೆಸ್ಟ್ ಬ್ರದರ್" ಎಂದನಂತೆ. ಮಹಾಲಕ್ಷ್ಮಮ್ಮ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಒಂದು ಡಬ್ಬದ ತುಂಬ ಕಡಲೆಕಾಯಿ ಚಟ್ನಿಪುಡಿ ಕುಟ್ಟಿ ತಂದುಕೊಟ್ಟರು.

ನಾಗಪುರದಲ್ಲಿ ದೇವರಾಜುವಿನ ಅಣಕದ ವಿದ್ಯೆ ಕೆಲಸಕ್ಕೆ ಬಂತು. ಮುಂದಿನ ಪಂದ್ಯದ ಎದುರಾಳಿಯ ವಿಡಿಯೋ ತೋರಿಸಿದರೆ, ಬೆಳಗ್ಗೆ ಅಭ್ಯಾಸಕ್ಕೆ ಆ ಎದುರಾಳಿಯೇ ಬಂದು ನಿಂತಂತೆ ನಿಲ್ಲುತ್ತಿದ್ದ. ಒಬ್ಬ ಹಿಡಿಯುವ ಮೊದಲು ಭುಜ ಕುಣಿಸುತ್ತಾನೆ, ಇನ್ನೊಬ್ಬ ರೈಡರನ ಕಣ್ಣು ನೋಡದೆ ಸೊಂಟ ನೋಡುತ್ತಾನೆ. ಎಲ್ಲವೂ ಇವನ ಮೈಯಲ್ಲಿ ಬರುತ್ತಿತ್ತು. ತಂಡದ ರೈಡರ್‌ಗಳು ಪಂದ್ಯದಲ್ಲಿ ನಿಜವಾದ ಎದುರಾಳಿಯನ್ನು ಕಂಡಾಗ, ಇವನನ್ನು ನಿನ್ನೆಯೇ ನೋಡಿದ್ದೇವಲ್ಲ ಅನ್ನಿಸಿ ನಗುತ್ತಿದ್ದರಂತೆ. ಯಾವಾಗಲೂ ಸೋಲುತ್ತಿದ್ದ ತಂಡ ಆಗೊಂದು ಈಗೊಂದು ಗೆಲ್ಲತೊಡಗಿತು.

ಅವನ ಜಾಗದಲ್ಲಿ ಆಡುತ್ತಿದ್ದವನು ಕುಲದೀಪ್ ಎಂಬ ಹಿರಿಯ ಆಟಗಾರ. ಮಂಡಿಗೆ ಸದಾ ಪಟ್ಟಿ ಕಟ್ಟಿಕೊಂಡಿರುತ್ತಿದ್ದ. ತನ್ನ ಜಾಗಕ್ಕೆ ಬರಬಹುದಾದವನು ಇವನೇ ಎಂದು ಗೊತ್ತಿದ್ದೂ ಆ ಎಡಗಾಲನ್ನು ತಿದ್ದಿದವನು ಅವನೇ. ಅಭ್ಯಾಸ ಮುಗಿದ ಮೇಲೆ ಇವನನ್ನು ನಿಲ್ಲಿಸಿಕೊಂಡು, ಕಾಲಿಗೆ ಟವೆಲು ಕಟ್ಟಿ ಎಳೆದೆಳೆದು ಕಲಿಸಿದ.

ಋತುವಿನ ನಡುವೆ ಕುಲದೀಪನ ಮಂಡಿ ಕೈಕೊಟ್ಟಿತು. ಇನ್ನೇನು ದೇವರಾಜು ಇಳಿದ ಎಂದು ನಾವೆಲ್ಲ ಟಿವಿ ಮುಂದೆ ಕೂತೆವು. ರಣಬೀರ್ ಸಿಂಗರು ಬೇರೆ ಜಾಗದ ಆಟಗಾರನೊಬ್ಬನನ್ನು ಮೂಲೆಗೆ ತಂದು ನಿಲ್ಲಿಸಿದರು. ತಂಡ ಹೀನಾಯವಾಗಿ ಸೋತಿತು. ಮುಂದಿನ ಪಂದ್ಯಕ್ಕೂ ಅವನನ್ನೇ ಇಳಿಸಿದರು, ಅದನ್ನೂ ಸೋತರು.

ದೇವರಾಜು ಸಹನಾಳಿಗೆ ಫೋನು ಮಾಡಿದ. "ಬಂದ್ಬುಡ್ತೀನಿ ಕಣೇ. ಇಲ್ಲೂ ಅಂಗೇ ಆಯ್ತು."

"ನೀವು ಕೇಳಿದ್ರಾ?"

"ಏನಂತ ಕೇಳ್ಲಿ? ಅವ್ರಿಗೆ ಕಾಣಲ್ವಾ?"

"ಕಂಡಿರ್ತದೆ. ಬಾಯ್ಬಿಟ್ಟು ಕೇಳಿ. ಕೇಳ್ದೇ ಬಂದ್ರೆ ನಾನು ಬಾಗ್ಲು ತೆಗ್ಯಲ್ಲ."

ಅವನು ಜೀವಮಾನದಲ್ಲಿ ಯಾರನ್ನೂ ಏನನ್ನೂ ಕೇಳಿದವನಲ್ಲ. ಮಾರನೆಯ ಬೆಳಗ್ಗೆ ತಿಂಡಿಯ ಹೊತ್ತಿನಲ್ಲಿ ಹೋಗಿ ರಣಬೀರ್ ಸಿಂಗರ ಎದುರು ನಿಂತ. ತನ್ನನ್ನು ಯಾಕೆ ಆಡಿಸುತ್ತಿಲ್ಲ ಎಂದು ಕೇಳಿದ. ಅವರು ಮುಚ್ಚಿಡಲಿಲ್ಲ. ನೀನು ಅಭ್ಯಾಸದಲ್ಲಿ ಇದ್ದದ್ದಕ್ಕೇ ನಮ್ಮ ರೈಡರ್‌ಗಳು ಅಂಕ ತರುತ್ತಿದ್ದಾರೆ, ಪಂದ್ಯದಲ್ಲಿ ನಿನಗೆ ಪೆಟ್ಟು ಬಿದ್ದರೆ ಅಭ್ಯಾಸ, ಪಂದ್ಯ ಎರಡಕ್ಕೂ ನಾನು ನಿನ್ನನ್ನು ಕಳೆದುಕೊಳ್ಳುತ್ತೇನೆ ಎಂದರು. ದೇವರಾಜು ಅಲ್ಲಾಡದೆ ನಿಂತ. ಗೊತ್ತಿದ್ದ ಹಿಂದಿಯನ್ನೆಲ್ಲ ಒಟ್ಟುಗೂಡಿಸಿಕೊಂಡು, ಬೆಳಗ್ಗೆ ಯಾರ ಹಾಗೆ ಬೇಕಾದರೂ ಆಡುತ್ತೇನೆ, ಸಂಜೆ ಮಾತ್ರ ನನ್ನ ಹಾಗೆ ಆಡಲು ಬಿಡಿ ಎಂದ. ಪಕ್ಕದ ಮೇಜಿನಲ್ಲಿ ಕಾಲು ಚಾಚಿ ಕೂತಿದ್ದ ಕುಲದೀಪ್ ಚಮಚದಿಂದ ತಟ್ಟೆ ಬಡಿದು, "ಕೇಳಿಸಿತಾ ಗುರೂಜಿ?" ಎಂದನಂತೆ.

ವಿದರ್ಭದ ಮುಂದಿನ ಪಂದ್ಯ ಇದ್ದ ದಿನ ಸಂಜೆ ನಾನು ಶಿರಾ ಬಳಿಯ ತಾವರೆಕೆರೆಯಲ್ಲಿ ಮೈಕು ಹಿಡಿದಿದ್ದೆ. ಅಲ್ಲೂ ಒಂದು ಪಂದ್ಯಾವಳಿ. ಸಹನಾ, ಪೆದ್ದಣ್ಣ ಇಬ್ಬರೂ ಬಂದು ನನ್ನ ಮೇಜಿನ ಹಿಂದೆ ಫೋನು ಹಿಡಿದು ಕೂತಿದ್ದರು. "ಮೇಷ್ಟ್ರೇ, ಇಳಿದ್ರು!" ಎಂದು ಸಹನಾ ನನ್ನ ಅಂಗಿ ಜಗ್ಗಿದಳು. ಅಂಕಣದಲ್ಲಿ ಆಗಷ್ಟೇ ಒಂದು ಆಟ ಮುಗಿದಿತ್ತು. ನಾನು ಸಂಘಟಕರ ಮುಖ ನೋಡಿದೆ. "ಹೇಳ್ರೀ ಹೇಳ್ರೀ, ನಮ್ ಇಕ್ಕಳ ಅಲ್ವಾ" ಅಂದರು. ಫೋನನ್ನು ಮೈಕಿನ ಪಕ್ಕಕ್ಕೆ ನಿಲ್ಲಿಸಿಕೊಂಡು, ನಾಗಪುರದ ಆಟವನ್ನು ತಾವರೆಕೆರೆಯ ಜನಕ್ಕೆ ಹೇಳುವುದಕ್ಕೆ ಶುರುಮಾಡಿದೆ.

ಮೊದಲ ಸಲ ಅವಸರಪಟ್ಟ. ರೈಡರ್ ಬರುವ ಮೊದಲೇ ಹಾರಿ, ಬರಿಗೈಯಲ್ಲಿ ಬಿದ್ದು ಔಟಾದ. ನಾನು ಅದನ್ನೂ ಇದ್ದ ಹಾಗೆಯೇ ಹೇಳಿದೆ. ಸಾವಿರ ಜನ ಅಯ್ಯೋ ಎಂದರು. ಪೆದ್ದಣ್ಣ ಕಣ್ಣು ಮುಚ್ಚಿಕೊಂಡರು. ಸ್ವಲ್ಪ ಹೊತ್ತಿಗೆ ಮತ್ತೆ ಒಳಗೆ ಬಂದ. ಎದುರು ತಂಡದ ಎತ್ತರದ ರೈಡರ್ ಮೂಲೆಗೆ ನುಗ್ಗಿದ, ಒಂದು ಹೆಜ್ಜೆ ಇಟ್ಟ, ಥಟ್ಟನೆ ಹಿಂದಕ್ಕೆ ತಿರುಗಿದ. ದೇವರಾಜುವಿನ ಎಡಗಾಲು ಅವನಿಗಿಂತ ಮೊದಲೇ ಅಲ್ಲಿತ್ತು. ಎರಡೂ ಕೈ ಹಿಮ್ಮಡಿಗೆ ಬಿದ್ದವು. ನಾನು ಏನು ಕೂಗಿದೆನೋ ನನಗೇ ನೆನಪಿಲ್ಲ. ತಾವರೆಕೆರೆಯ ಜನ ಖಾಲಿ ಅಂಕಣವನ್ನೇ ನೋಡುತ್ತ ಎದ್ದು ನಿಂತು ಶಿಳ್ಳೆ ಹೊಡೆಯುತ್ತಿದ್ದರು. "ಅದಿ! ಅದಿ ರಾ!" ಎಂದು ಪೆದ್ದಣ್ಣ ನನ್ನ ಬೆನ್ನಿಗೆ ಗುದ್ದುತ್ತಿದ್ದರು. ಸಹನಾ ಮಾತ್ರ ಸದ್ದಿಲ್ಲದೆ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

ಆ ಪಂದ್ಯವನ್ನು ವಿದರ್ಭ ಗೆಲ್ಲಲಿಲ್ಲ, ಸಮ ಮಾಡಿಕೊಂಡಿತು. ಉಳಿದ ಪಂದ್ಯಗಳಲ್ಲೆಲ್ಲ ದೇವರಾಜು ಆಡಿದ. ಬೆಳಗ್ಗೆ ಯಾರ ಯಾರದೋ ವೇಷ, ಸಂಜೆ ತನ್ನದೇ ಆಟ. ತಂಡ ಮುಂದಿನ ಹಂತಕ್ಕೆ ಹೋಗಲಿಲ್ಲ, ಆದರೆ ಕೊನೆಯ ಸ್ಥಾನವನ್ನು ಬೇರೆಯವರಿಗೆ ಬಿಟ್ಟುಕೊಟ್ಟಿತು. ಮದಗಜರು ಆ ವರ್ಷವೂ ಕಪ್ ಗೆದ್ದರು. ಬೇಜಾರಾಯ್ತೇನಪ್ಪ ಎಂದು ನಾನು ಕೇಳಿದ್ದಕ್ಕೆ, "ಯಾಕ್ ಸುಳ್ಳು ಹೇಳ್ಲಿ, ಕಪ್ಪು ಎತ್ತುವಾಗ ಒಂಚೂರು ಆಯ್ತು" ಎಂದು ನಕ್ಕ.

ಈ ಸಲದ ಹರಾಜಿನಲ್ಲಿ ಅವನ ಹೆಸರು ಕೂಗಿದರು. ಕೊನೆಯ ಸುತ್ತಿನಲ್ಲಿ, ವಿದರ್ಭದವರೇ ಕೈಯೆತ್ತಿದರು. ಕುಲದೀಪ್ ಈಗ ಅಲ್ಲಿ ಸಹಾಯಕ ತರಬೇತುದಾರ.

ಹೋದ ತಿಂಗಳು ಶಾಲೆಗೆ ರಜೆ ಸಿಕ್ಕಾಗ ಸಹನಾ ಮೊದಲ ಸಲ ನಾಗಪುರಕ್ಕೆ ಹೋಗಿ ಬಂದಳು. ಅಲ್ಲಿಂದ ನನಗೊಂದು ಫೋಟೋ ಕಳಿಸಿದ್ದಳು. ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಬಡ್ಡಿ ಮ್ಯಾಟಿನ ನಟ್ಟನಡುವೆ ಖೋಖೋ ಆಟಗಾರ್ತಿಯಂತೆ ಕುಕ್ಕರುಗಾಲಲ್ಲಿ ಕೂತಿದ್ದಾಳೆ. ಹಿಂದೆ ದೇವರಾಜು ನಾಚಿಕೊಂಡು ನಿಂತಿದ್ದಾನೆ. ಕೆಳಗೆ ಬರೆದಿದ್ದಳು: "ನೆಲ ಚೆನ್ನಾಗೈತೆ ಮೇಷ್ಟ್ರೇ, ನಾನೂ ಒಂದು ಕೈ ನೋಡೋಣ ಅನ್ನುಸ್ತಾ ಐತೆ."