ಬಿದ್ದವನನ್ನು ಎಬ್ಬಿಸದ ಆಟ

ಕಾಕಾನ ಬಲಗೈಯ ನಾಲ್ಕು ಬೆರಳುಗಳು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಸುತ್ತಿಗೆಯ ಹಿಡಿ ಹಿಡಿದೂ ಹಿಡಿದೂ ಅವು ಅದೇ ಅಳತೆಗೆ ಬಗ್ಗಿ ನಿಂತುಬಿಟ್ಟಿದ್ದವು. ಚಹಾದ ಗ್ಲಾಸು ಆ ಕೈಯೊಳಗೆ ಸರಿಯಾಗಿ ಕೂರುತ್ತಿತ್ತು. ದೇವರಿಗೆ ಕೈಮುಗಿಯುವಾಗ ಮಾತ್ರ ಎರಡು ಅಂಗೈಗಳ ನಡುವೆ ಒಂದು ಗುಬ್ಬಿ ಕೂರುವಷ್ಟು ಜಾಗ ಉಳಿಯುತ್ತಿತ್ತು.

ಅವರು ನನಗೆ ಸ್ವಂತ ಕಾಕಾ ಅಲ್ಲ. ಗೋವಾದ ಸಾಂಗೆಯಲ್ಲಿ ನಾವು ಬಾಡಿಗೆಗಿದ್ದ ಸಾಲುಮನೆಗಳಲ್ಲಿ ಅವರದು ನಮ್ಮ ಪಕ್ಕದ ಖೋಲಿ. ನನ್ನ ಅಪ್ಪನ ಹಾಗೆಯೇ ವಿಜಯಪುರದ ಕಡೆಯಿಂದ ಗಣಿ ಕೆಲಸಕ್ಕೆ ಬಂದವರು. ಗಣಿ ನಿಂತ ಮೇಲೆ ಬಾವಿಗೆ, ಮನೆಯ ಪಾಯಕ್ಕೆ ಬಂಡೆ ಒಡೆಯುತ್ತಿದ್ದರು. ಹರೆಯದಲ್ಲಿ ಊರಿನ ಗರಡಿಯಲ್ಲಿ ಕುಸ್ತಿ ಆಡಿದ್ದರಂತೆ. ಎಷ್ಟು ಗೆದ್ದಿದ್ದರೋ ದೇವರಿಗೇ ಗೊತ್ತು, ಹೇಳುವಾಗ ಮಾತ್ರ ಒಂದನ್ನೂ ಸೋತವರಲ್ಲ.

ಒಮ್ಮೆ ನಲ್ಲಿಯ ಹತ್ತಿರ ಸರತಿಗಾಗಿ ಜಗಳವಾಯಿತು. ನನ್ನ ಅವ್ವನ ಕೊಡ ಒದ್ದ ಗಂಡಸೊಬ್ಬನನ್ನು ಕಾಕಾ ಒಂದೇ ಪಟ್ಟಿಗೆ ಕೆಸರಿಗೆ ಕೆಡವಿದರು. ನಾವೆಲ್ಲ ಇನ್ನೂ ಬಾಯಿ ತೆರೆದು ನಿಂತಿರುವಾಗಲೇ ಬಗ್ಗಿ, ಅದೇ ಕೈ ಕೊಟ್ಟು ಅವನನ್ನು ಎಬ್ಬಿಸಿದರು. ಬೆನ್ನಿನ ಕೆಸರು ಒರೆಸಿ ಚಹಾ ಕುಡಿಸಲು ಕರೆದೊಯ್ದರು. ಅವ್ವನಿಗೆ ಇದು ಸರಿಬರಲಿಲ್ಲ. ಅವಳು ಕೇಳಿದ್ದಕ್ಕೆ ಕಾಕಾ ಹೇಳಿದ್ದು ಇಷ್ಟೇ: "ಕೆಡವಿದಾಂವನೇ ಎಬ್ಬಸಬೇಕು ತಂಗಿ. ಗರಡಿಯೊಳಗ ಮೊದಲ ಕಲಿಸೂದ ಅದು."

ಕಂಪ್ಯೂಟರ್ ಓದಿದ ಮೇಲೆ ನಾನು ಮಡಗಾಂವದ ಒಂದು ಪುಟ್ಟ ಕಚೇರಿಯಲ್ಲಿ ಮೊಬೈಲ್ ಆಟ ಕಟ್ಟುವ ಕೆಲಸಕ್ಕೆ ಸೇರಿದೆ. ಕಬ್ಬಿಣದ ಕವಚ ತೊಟ್ಟ ಹಳೇ ಕಾಲದ ಇಬ್ಬರು ಯೋಧರು ಕತ್ತಿ, ಕೊಡಲಿ, ಗದೆ ಹಿಡಿದು ಹೊಡೆದಾಡುವ ಆಟ. ಅದರಲ್ಲಿ ಏಟುಗಳನ್ನು ಮೊದಲೇ ಬಿಡಿಸಿ ಇಟ್ಟಿರುವುದಿಲ್ಲ. ಆಯುಧದ ತೂಕ, ಬೀಸಿದ ವೇಗ, ಕಾಲಿನ ಆಸರೆ ನೋಡಿಕೊಂಡು ಮೈ ತಾನೇ ವಾಲಬೇಕು, ತಾನೇ ಬೀಳಬೇಕು. ನಾನು ಕಟ್ಟಿದ ಯೋಧನೋ, ಗದೆಯನ್ನು ಕಸಬರಿಗೆಯ ಹಾಗೆ ಬೀಸುತ್ತಿದ್ದ. ಆಗ ಕಾಕಾ ನೆನಪಾದರು.

ಅವರು ಸುತ್ತಿಗೆ ಬೀಸುವುದನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಲು ಒಂದು ಭಾನುವಾರ ಬೆಳಿಗ್ಗೆ ಖೋಲಿಗಳ ಹಿಂದಿನ ಬಯಲಿಗೆ ಕರೆದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಸುತ್ತಿಗೆ ಹೊತ್ತು ಬಂದರು. "ಎತ್ತೂದಷ್ಟ ನಮ್ಮ ಕೆಲಸ. ಬೀಳೂದು ಅದರ ಕೆಲಸ. ನಡುವ ನಾವು ಅಡ್ಡ ಬರಬಾರದು," ಎಂದು ಕಲ್ಲಿಗೆ ಹೊಡೆದು ತೋರಿಸಿದರು. ನನ್ನ ಇಡೀ ಓದಿನಲ್ಲಿ ಯಾರೂ ಇಷ್ಟು ಸರಳವಾಗಿ ಹೇಳಿರಲಿಲ್ಲ. ಅಷ್ಟು ಸಾಕಾಗಬೇಕಿತ್ತು. ಆದರೆ ಗುರಿ ತಪ್ಪಿದರೆ ಮೈ ಏನಾಗುತ್ತದೆ ನೋಡಬೇಕು, ಬರೀ ಗಾಳಿಗೆ ಹೊಡೆಯಿರಿ ಎಂದೆ. ಕಲ್ಲಿಲ್ಲದೆ ಯಾರೂ ಹೊಡೆಯುವುದಿಲ್ಲ ಎಂದರು. ಒಂದೇ ಸಲ ಎಂದು ಕಾಡಿದೆ.

ಹೊಡೆದರು. ಸುತ್ತಿಗೆ ಅವರನ್ನೇ ಎಳೆದುಕೊಂಡು ಅರ್ಧ ಸುತ್ತು ತಿರುಗಿತು. ಕಾಕಾ ಸೊಂಟದ ಮೇಲೆ ಬಿದ್ದರು. ಬಲಗೈ ನೆಲವನ್ನು ತಡಕಾಡುತ್ತಿತ್ತು. ನಾನು ಮೊಬೈಲ್ ಕೆಳಗಿಳಿಸಲಿಲ್ಲ. ಮೈಯ ಅಲುಗಾಟ ನಿಲ್ಲುವವರೆಗೂ ನನಗೆ ಚಿತ್ರ ಬೇಕಿತ್ತು. ಕೊನೆಗೆ ಅವರೇ ಬಟ್ಟೆ ಒಗೆಯುವ ಕಲ್ಲು ಹಿಡಿದು ಎದ್ದರು.

"ಸಿಕ್ತೇನು ನಿನಗ ಬೇಕಾದ್ದು?"

"ಸಿಕ್ತರಿ ಕಾಕಾ," ಎಂದೆ. ಆ ಉತ್ತರ ನೆನೆದರೆ ಇವತ್ತಿಗೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಎರಡು ವಾರ ಅವರು ಕೆಲಸಕ್ಕೆ ಹೋಗಲಿಲ್ಲ. ಬಚ್ಚಲಲ್ಲಿ ಜಾರಿದೆ ಎಂದು ಹೆಂಡತಿಗೆ ಹೇಳಿದ್ದರು. ಕಾಕು ಬೈದುಕೊಳ್ಳುತ್ತ ಬಚ್ಚಲಿನ ಪಾಚಿ ತಿಕ್ಕಿದರು. ನಾನು ಪಕ್ಕದಲ್ಲೇ ನಿಂತು ನೀರು ಹಾಕಿಕೊಟ್ಟೆ. ಬಾಯಿ ಬಿಡಲಿಲ್ಲ.

ಆಟ ಹೊರಬಂತು. ಜನಕ್ಕೆ ಹಿಡಿಸಿದ್ದು ಕತ್ತಿಯೂ ಅಲ್ಲ, ಗದೆಯೂ ಅಲ್ಲ, ಸೋತವನು ಬೀಳುವ ರೀತಿ. ಮಡಗಾಂವದ ಬಸ್ಸಿನಲ್ಲಿ ಇಬ್ಬರು ಅದನ್ನು ನೋಡಿ ಹೊಟ್ಟೆ ಹಿಡಿದು ನಗುತ್ತಿದ್ದರೆ ನಾನು ಹೆಮ್ಮೆಪಟ್ಟುಕೊಂಡೆ. ಕಾಕಾ ನೋಡಬೇಕೆಂದಾಗ ತೋರಿಸಿದೆ. ತಾವು ಬೀಳುವುದನ್ನು ತಾವೇ ಎರಡು ಸಲ ನೋಡಿದರು. ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಪರದೆಯ ಮೇಲೆ ಗೆದ್ದ ಯೋಧ ಗದೆ ಎತ್ತಿ ಕುಣಿಯುತ್ತಿದ್ದ.

"ಇಂವ ಅವನ್ನ ಎಬ್ಬಸೂದಿಲ್ಲೇನು?" ಎಂದರು.

ಮುಂದಿನ ಸಲ ಹಾಕುತ್ತೇನೆ ಎಂದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಅದು. ಅವರು ಅದನ್ನು ಕೊಟ್ಟ ಮಾತು ಎಂದುಕೊಂಡರು. ಎದುರು ಸಿಕ್ಕಾಗಲೆಲ್ಲ "ಎಬ್ಬಿಸಿದ್ಯೇನವ್ವಾ?" ಎಂದು ಕೇಳುವರು. ಇನ್ನೂ ಇಲ್ಲರಿ ಎನ್ನುತ್ತಿದ್ದೆ. ಬರಬರುತ್ತ ಅವರ ಬಾಗಿಲ ಮುಂದೆ ಹಾಯುವುದನ್ನೇ ಬಿಟ್ಟು ಹಿಂದಿನ ಹಾದಿ ಹಿಡಿದೆ. ಕಚೇರಿಯಲ್ಲಿ ಒಮ್ಮೆಯೂ ಆ ಮಾತೆತ್ತಲಿಲ್ಲ. ನಗುತ್ತಾರೆ ಎಂಬ ಅಂಜಿಕೆ, ಅಷ್ಟೇ. ಬೇರೆ ಕಾರಣವೇನೂ ಇರಲಿಲ್ಲ.

ಕಳೆದ ಮಳೆಗಾಲ ಕಾಕಾ ಎದೆನೋವಿನಿಂದ ತೀರಿಕೊಂಡರು. ಮಣ್ಣಿಗೆ ಹೋದೆ. ಕೈಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಬೆರಳು ಆಗಲೂ ನೆಟ್ಟಗಾಗಿರಲಿಲ್ಲ. ಬಚ್ಚಲಲ್ಲಿ ಜಾರಿದಾಗಿನಿಂದ ಅವರು ಮೊದಲಿನಂತಿರಲಿಲ್ಲ ಎಂದು ಕಾಕು ನನ್ನ ಕೈಹಿಡಿದು ಅತ್ತರು. ಆಗಲೂ ನಾನು ನಿಜ ಹೇಳಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ಕಾಕುಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೇ.

ಮರುದಿನ ಕಚೇರಿಗೆ ಹೋಗಿ, ಯಾರನ್ನೂ ಕೇಳದೆ, ಆಟವನ್ನು ಬಿಚ್ಚಿಕೊಂಡು ಕುಳಿತೆ. ಗೆದ್ದವನನ್ನು ಬಗ್ಗಿಸಿದೆ. ಬಿದ್ದವನ ಕಡೆಗೆ ಕೈ ಚಾಚಿಸಿದೆ. ಕೈ ಮುಟ್ಟಿತು, ಜಾರಿತು. ಮತ್ತೆ ಮುಟ್ಟಿತು, ಜಾರಿತು. ಸಂಜೆಯವರೆಗೂ ಇದೇ ಆಯಿತು. ನಾನು ಮಾಡಿದ ಆ ಕೈಗೆ ಆಯುಧದ ಹಿಡಿಯನ್ನಷ್ಟೇ ಹಿಡಿಯಲು ಬರುತ್ತಿತ್ತು. ಇನ್ನೊಬ್ಬರ ಕೈ ಹಿಡಿಯುವುದನ್ನು ನಾನು ಅದಕ್ಕೆ ಕಲಿಸಿರಲೇ ಇಲ್ಲ.